ಎಂಜಿನ್ ಗಟ್ಟಿ, ತಗಡು ಪೊಳ್ಳು: ಮೀನು ಹೊರುವ ಪಿಕ್‌ಅಪ್ ಗಾಡಿಯ ವಿಮರ್ಶೆ

ನನ್ನ ಪಿಕ್‌ಅಪ್ ಗಾಡಿಯ ಎಂಜಿನ್ ಬಗ್ಗೆ ನನಗೆ ಯಾವ ದೂರೂ ಇಲ್ಲವೆಂಬುದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ಬರೆಯುವುದರಲ್ಲಿ ಬಹುಪಾಲು ದೂರೇ. 2022ರ ಆಗಸ್ಟ್‌ನಲ್ಲಿ, ಯಾಂತ್ರೀಕೃತ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ಇರುವ ಮೀನುಗಾರಿಕೆ ನಿಷೇಧ ಮುಗಿದ ಬೆನ್ನಿಗೇ, ಸಾಲ ಮಾಡಿ ಈ ಗಾಡಿಯನ್ನು ತಂದೆ. ಅಂದಿನಿಂದ ಇದು ಮಲ್ಪೆ ಬಂದರಿನಿಂದ ಹೆಬ್ರಿ, ಸೋಮೇಶ್ವರ, ಆಗುಂಬೆಯ ದಾರಿಯಲ್ಲಿ ತೀರ್ಥಹಳ್ಳಿ, ಶಿವಮೊಗ್ಗಗಳಿಗೆ ಮೀನು ಹೊರುತ್ತಿದೆ. ತಯಾರಕರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬಂದರಿನಲ್ಲಿ ನನ್ನ ಪಕ್ಕ ನಿಲ್ಲುವ ಬೇರೆ ಕಂಪನಿಗಳ ಹೊಸ ಗಾಡಿಗಳ ಅಡಿಗೆ ಬಗ್ಗಿ ನೋಡಿದರೂ ಹೆಚ್ಚುಕಡಿಮೆ ಇದೇ ಕಾಣುವುದರಿಂದ, ಒಬ್ಬರನ್ನೇ ಹೆಸರಿಸಿ ಉಳಿದವರನ್ನು ಒಳ್ಳೆಯವರನ್ನಾಗಿಸುವ ಮನಸ್ಸು ನನಗಿಲ್ಲ. ಅಶ್ವಶಕ್ತಿ, ಹೊರೆಯ ಮಿತಿ, ಮೈಲೇಜು ಮುಂತಾದವನ್ನು ನೀವು ಈಗಾಗಲೇ ನೋಡಿರುತ್ತೀರಿ, ಅವನ್ನು ಬಿಟ್ಟುಬಿಡುತ್ತೇನೆ.

ಕೊಳ್ಳುವ ಮುನ್ನ ಎಲ್ಲರೂ ನನ್ನನ್ನು ಹೆದರಿಸಿದ್ದು ಹೊಗೆಯ ಫಿಲ್ಟರಿನ ಬಗ್ಗೆ. 2020ರ ಏಪ್ರಿಲ್ 1ರಿಂದ ಬಿಎಸ್ 6 ನಿಯಮ ಜಾರಿಗೆ ಬಂದ ಮೇಲೆ ಇಂತಹ ಡೀಸೆಲ್ ಗಾಡಿಗಳು ಕಿಲೋಮೀಟರಿಗೆ 4.5 ಮಿಲಿಗ್ರಾಂಗಿಂತ ಹೆಚ್ಚು ಮಸಿ ಕಣಗಳನ್ನು ಬಿಡುವಂತಿಲ್ಲ. ಅದಕ್ಕಾಗಿ ಸೈಲೆನ್ಸರಿಗಿಂತ ಮುಂಚೆ ಡಿಪಿಎಫ್ ಎಂಬ ಫಿಲ್ಟರನ್ನು ಕೂರಿಸಿರುತ್ತಾರೆ. ಅದು ಮಸಿಯನ್ನು ಹಿಡಿದಿಟ್ಟುಕೊಂಡು, ಹೊಗೆಯ ಶಾಖ ಸುಮಾರು 600 ಡಿಗ್ರಿಗೆ ಏರಿದಾಗ ತನ್ನೊಳಗೇ ಸುಟ್ಟು ಖಾಲಿಯಾಗುತ್ತದೆ. ಪೇಟೆಯೊಳಗೆ ಅಂಗಡಿಯಿಂದ ಅಂಗಡಿಗೆ ನಿಂತು ನಿಂತು ಓಡುವ ಗಾಡಿಗೆ ಆ ಶಾಖ ಹುಟ್ಟುವುದೇ ಇಲ್ಲವಾದ್ದರಿಂದ ಫಿಲ್ಟರ್ ಕಟ್ಟಿಕೊಂಡು, ಎಂಜಿನ್ ಬಲ ಕುಗ್ಗಿ, ಗ್ಯಾರೇಜಿಗೆ ಎಳೆಸಿಕೊಂಡು ಹೋದವರನ್ನು ನಾನೂ ಬಲ್ಲೆ. ಆದರೆ ನನ್ನ ದಾರಿಯಲ್ಲಿ ಹೊರೆ ಹೊತ್ತು ಘಾಟಿಯ 14 ತಿರುವುಗಳನ್ನು ಹತ್ತುವಷ್ಟರಲ್ಲಿ ಫಿಲ್ಟರಿಗೆ ಬೇಕಾದ ಶಾಖ ತಾನಾಗಿ ಸಿಕ್ಕಿಬಿಡುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಫಿಲ್ಟರಿನ ದೀಪ ಹತ್ತಿದರೂ ಎಂಜಿನ್ ಆರಿಸದೆ ಒಂದಿಷ್ಟು ದೂರ ಒಂದೇ ವೇಗದಲ್ಲಿ ಓಡಿಸಿದರೆ ಆರುತ್ತದೆ. ಘಟ್ಟ ಹತ್ತುವವರು ಇದಕ್ಕೆ ಹೆದರಬೇಕಾಗಿಲ್ಲ.

ಕ್ಯಾಬಿನ್ ಕೂಡ ಚೆನ್ನಾಗಿದೆ. ಬಾಗಿಲಿನ ರಬ್ಬರು ಎಷ್ಟು ಬಿಗಿಯಾಗಿದೆಯೆಂದರೆ ಹಿಂದೆ ಬೂತಾಯಿ ತುಂಬಿದ್ದರೂ ಕಿಟಕಿ ಏರಿಸಿದರೆ ವಾಸನೆ ಒಳಗೆ ಬರುವುದಿಲ್ಲ. ಮೀನಿನ ಗಾಡಿಯಲ್ಲಿ ಕುಳಿತು ಬಂದೆನೆಂದು ಮನೆಯಲ್ಲಿ ಯಾರೂ ಮೂಗು ಮುಚ್ಚದ ಸುಖವನ್ನು ನಾನು ಹಳೆಯ ಗಾಡಿಯಲ್ಲಿ ಎಂದೂ ಕಂಡಿರಲಿಲ್ಲ.

ಇಷ್ಟು ಹೊಗಳಿಕೆ ಕ್ಯಾಬಿನ್ನಿನ ಹಿಂದಿನ ಗೋಡೆಯವರೆಗೆ ಮಾತ್ರ. ಅದರ ಹಿಂದೆ ಇರುವ ಸರಕಿನ ಬಾಡಿಯನ್ನು ಕಟ್ಟಿದವರು ಸಮುದ್ರವನ್ನು ಚಿತ್ರದಲ್ಲಿ ಮಾತ್ರ ನೋಡಿರಬೇಕು.

ಮೀನು ತುಂಬುವ ಕ್ರಮ ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಕ್ರೇಟಿನ ತಳದಲ್ಲಿ ಪುಡಿ ಐಸ್, ಅದರ ಮೇಲೆ ಬಂಗುಡೆ, ಮತ್ತೆ ಐಸ್, ಮತ್ತೆ ಬಂಗುಡೆ, ಕೊನೆಗೆ ಮೇಲೊಂದು ಪದರ ಐಸ್. ಸೆಕೆಗಾಲದಲ್ಲಿ ಮೀನಿನಷ್ಟೇ ತೂಕದ ಐಸ್ ಬೇಕಾಗುತ್ತದೆ. ಈ ಐಸ್ ದಾರಿಯುದ್ದಕ್ಕೂ ಕರಗಿ, ಮೀನಿನ ಮೈಯ ಉಪ್ಪನ್ನೂ ಲೋಳೆಯನ್ನೂ ರಕ್ತವನ್ನೂ ಎಳೆದುಕೊಂಡು ಬಾಡಿಯ ತಳಕ್ಕೆ ಇಳಿಯುತ್ತದೆ. ಈ ನೀರನ್ನು ರಸ್ತೆಗೆ ಬಿಡುವಂತಿಲ್ಲ. ಹಿಂದೆ ಬರುವ ಬೈಕಿನವರು ಜಾರಿ ಬೀಳುತ್ತಾರೆಂದು ನಮ್ಮ ಕಡೆ ಪೊಲೀಸರು ದಂಡ ಹಾಕುತ್ತಾರೆ, ಹಾಕುವುದು ಸರಿಯೂ ಹೌದು. ಆದ್ದರಿಂದ ನೀರು ಗಾಡಿಯಲ್ಲೇ ನಿಂತು, ಅಡಿಗೆ ಕಟ್ಟಿಸಿದ ಟ್ಯಾಂಕಿಗೆ ನಿಧಾನವಾಗಿ ಇಳಿಯಬೇಕು. ಅಂದರೆ ತಳದ ತಗಡು ಗಂಟೆಗಟ್ಟಲೆ ಉಪ್ಪುನೀರಿನಲ್ಲಿ ನೆನೆಯುತ್ತಲೇ ಇರುತ್ತದೆ.

ತಗಡಿನ ಮೇಲ್ಮೈಗೆ ಬಳಿದ ಬಣ್ಣ ಕೆಲವು ತಿಂಗಳು ತಡೆದುಕೊಂಡಿತು. ಆದರೆ ರೋಗ ಇದ್ದದ್ದು ಮೇಲಲ್ಲ. ತಳದ ತಗಡನ್ನು ಹೊರಲು ಅಡಿಯಲ್ಲಿ ಅಡ್ಡಡ್ಡವಾಗಿ ಚಾನೆಲ್‌ಗಳನ್ನಿಟ್ಟು, ಅಲ್ಲಲ್ಲಿ ಸ್ಪಾಟ್ ವೆಲ್ಡಿಂಗಿನ ಚುಕ್ಕಿ ಹಾಕಿ ಎರಡನ್ನೂ ಕೂಡಿಸಿದ್ದಾರೆ. ಚುಕ್ಕಿ ಮತ್ತು ಚುಕ್ಕಿಯ ನಡುವೆ ಎರಡು ತಗಡುಗಳು ಬರಿದೇ ಒಂದಕ್ಕೊಂದು ತಾಗಿಕೊಂಡಿವೆ. ಆ ಸಂದಿಗೆ ಬಣ್ಣವೂ ಹೋಗಿಲ್ಲ, ಸೀಲಂಟನ್ನೂ ಹಾಕಿಲ್ಲ. ಉಪ್ಪುನೀರು ಆ ಕೂದಲೆಳೆಯಷ್ಟು ಸಂದಿಗೆ ತಾನಾಗಿ ಹೀರಿಕೊಂಡು ಹೋಗುತ್ತದೆ, ಒಮ್ಮೆ ಹೋದದ್ದು ಬೇಸಿಗೆಯ ಬಿಸಿಲಿಗೂ ಒಣಗುವುದಿಲ್ಲ. ತುಕ್ಕು ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಬೇಡುತ್ತದೆಯಾದ್ದರಿಂದ ಸಂದಿಯೊಳಗೆ ಹುಟ್ಟಿದ ತುಕ್ಕು ಎರಡೂ ತಗಡುಗಳನ್ನು ದೂರ ತಳ್ಳಿ ವೆಲ್ಡಿಂಗ್ ಚುಕ್ಕಿಗಳನ್ನೇ ಕಿತ್ತುಬಿಡುತ್ತದೆ. ಮೇಲಿನಿಂದ ನೋಡುವವರಿಗೆ ಬಣ್ಣ ಅಲ್ಲಲ್ಲಿ ಹಪ್ಪಳದಂತೆ ಉಬ್ಬಿರುವುದು ಮಾತ್ರ ಕಾಣುತ್ತದೆ. ಸ್ಕ್ರೂ ಡ್ರೈವರಿನ ತುದಿಯಿಂದ ಅಂಥದೊಂದು ಉಬ್ಬನ್ನು ಒತ್ತಿದಾಗ ಅದು ತಡೆಯಿಲ್ಲದೆ ಕೆಳಗಿಳಿದು, ತುದಿ ಚಾನೆಲ್ಲಿನೊಳಗೆ ಹೋಗಿ ನಿಂತಿತು.

ಇದು ತೊಳೆಯದೆ ಬಿಟ್ಟ ಗಾಡಿಯ ಕಥೆಯಲ್ಲ. ಘಟ್ಟ ಇಳಿದು ಮನೆ ಸೇರಿದ ಮೇಲೆ ಊಟಕ್ಕೆ ಮೊದಲು ಗಾಡಿಯ ಸ್ನಾನ ನಮ್ಮಲ್ಲಿ ನಡೆದುಬಂದ ಪದ್ಧತಿ. ಅಂಗಳದ ಏರಿನಲ್ಲಿ ಮೂತಿ ಮೇಲಾಗುವಂತೆ ನಿಲ್ಲಿಸಿ, ಹಿಂಬದಿ ಬಾಗಿಲನ್ನು ಬಿಚ್ಚಿ, ಬಾವಿಯ ಸಿಹಿನೀರನ್ನು ಮುಂದಿನಿಂದ ಹಿಂದಕ್ಕೆ ಬಿಡುತ್ತೇನೆ. ತಗಡಿನ ತಗ್ಗುಗಳಲ್ಲಿ ಅಂಟಿದ ಹುರುಪೆಗಳನ್ನು ಹಿಡಿಸೂಡಿಯಿಂದ ಉಜ್ಜಿ ತೆಗೆಯುತ್ತೇನೆ. ಮೂಲೆಯಲ್ಲಿ ನೀರಿಳಿಯಲು ಕೊಟ್ಟಿರುವ ತೂತು ಎಷ್ಟು ಸಣ್ಣದೆಂದರೆ ಬಂಗುಡೆಯ ನಾಲ್ಕು ಹುರುಪೆ ಸೇರಿದರೆ ಮುಚ್ಚಿಹೋಗುತ್ತದೆ. ಅದನ್ನು ಬಿಡಿಸಲು ಸೈಕಲ್ಲಿನ ಹಳೆಯ ಕಡ್ಡಿಯೊಂದನ್ನು ಸೀಟಿನ ಹಿಂದೆ ಇಟ್ಟುಕೊಂಡಿದ್ದೇನೆ. ಕೊನೆಗೆ ಮಲಗಿಕೊಂಡು ಪೈಪನ್ನು ಅಡಿಯಿಂದ ಮೇಲಕ್ಕೆ ಹಿಡಿದು ಚಾಸಿಸ್ಸನ್ನೂ ಎಲೆ ಸ್ಪ್ರಿಂಗುಗಳನ್ನೂ ತೊಳೆಯುತ್ತೇನೆ. ಊರಿನ ಬೆಕ್ಕುಗಳಿಗೆ ಈ ಹೊತ್ತು ನನಗಿಂತ ಚೆನ್ನಾಗಿ ಗೊತ್ತು. ಈ ಕೆಲಸ ನನಗೆ ಇಷ್ಟವೇ. ಗಾಡಿಯ ಯಾವ ಬೋಲ್ಟು ಸಡಿಲವಾಗಿದೆ, ಎಲ್ಲಿ ಆಯಿಲ್ ಜಿನುಗುತ್ತಿದೆ ಎಂಬುದು ತೊಳೆಯುವವನ ಕಣ್ಣಿಗೆ ಬೀಳುವಷ್ಟು ಓಡಿಸುವವನ ಕಣ್ಣಿಗೆ ಬೀಳುವುದಿಲ್ಲ. ಆದರೆ ಎರಡು ತಗಡುಗಳ ನಡುವೆ ಕುಳಿತ ಉಪ್ಪನ್ನು ಯಾವ ಪೈಪಿನ ನೀರೂ ತಲುಪಲಾರದು.

ತುಕ್ಕು ಬಾಡಿಯಲ್ಲಿ ಮಾತ್ರ ನಿಂತಿದ್ದರೆ ಈ ಬರಹ ಇಷ್ಟು ಕಹಿಯಾಗುತ್ತಿರಲಿಲ್ಲ. ಒಂದು ದಿನ ಸೋಮೇಶ್ವರ ದಾಟಿ ಏರು ಶುರುವಾಗುವಲ್ಲಿ, ತುಂಬು ಹೊರೆಯಿದ್ದಾಗ, ಎಂಜಿನ್ ದೀಪ ಹತ್ತಿ ಗಾಡಿಯ ಬಲವೆಲ್ಲ ಇಳಿದುಹೋಯಿತು. ಹೊಸ ಗಾಡಿಗಳಲ್ಲಿ ಮುಖ್ಯವಾದ ಸೆನ್ಸರ್ ಒಂದು ತಪ್ಪು ಲೆಕ್ಕ ಕೊಟ್ಟರೆ ಎಂಜಿನ್ನನ್ನು ಕಾಪಾಡಲೆಂದು ಕಂಪ್ಯೂಟರ್ ತಾನೇ ಬಲವನ್ನು ತಗ್ಗಿಸುತ್ತದೆ. ನೋಡಿದವರೆಲ್ಲ ಫಿಲ್ಟರ್ ಕಟ್ಟಿದೆಯೆಂದರು. ಸರ್ವಿಸ್ ಸೆಂಟರಿನಲ್ಲಿ ಸ್ಕ್ಯಾನರ್ ಹಾಕಿ, ಹೊಗೆಯ ಶಾಖ ಅಳೆಯುವ ಸೆನ್ಸರನ್ನು ಬದಲಿಸಿ ಕಳಿಸಿದರು. ಕೆಲವೇ ದಿನಗಳಲ್ಲಿ ಅದೇ ದೀಪ ಮತ್ತೆ ಹತ್ತಿತು. ಕೊನೆಗೆ ನಮ್ಮೂರಿನ ಎಲೆಕ್ಟ್ರಿಷಿಯನ್ ಒಬ್ಬರು ಸೆನ್ಸರಿನ ಗೋಜಿಗೇ ಹೋಗದೆ, ಟೆಸ್ಟ್ ಲ್ಯಾಂಪ್ ಹಿಡಿದು ಬಾಡಿಯ ಅಡಿಗೆ ನುಗ್ಗಿ, ಚಾಸಿಸ್ಸಿಗೆ ಬೋಲ್ಟು ಮಾಡಿದ್ದ ಅರ್ತಿಂಗ್ ವೈರನ್ನು ಹಿಡಿದು ಅಲುಗಾಡಿಸಿದರು. ವೈರಿನ ತುದಿಯ ತಾಮ್ರ ಹಸಿರುಗಟ್ಟಿತ್ತು, ಅದು ಕುಳಿತಿದ್ದ ಜಾಗದಲ್ಲಿ ಕಬ್ಬಿಣ ಪುಡಿಯಾಗಿತ್ತು. ಮರಳು ಕಾಗದದಿಂದ ಉಜ್ಜಿ, ಹೊಸ ತುದಿ ಕಟ್ಟಿ, ಮೇಲೆ ಗ್ರೀಸ್ ಬಳಿದ ಮೇಲೆ ಆ ದೀಪ ಇವತ್ತಿನವರೆಗೆ ಹತ್ತಿಲ್ಲ. ಇಷ್ಟೊಂದು ಸೆನ್ಸರುಗಳನ್ನು ನಂಬಿ ಓಡುವ ಗಾಡಿಯಲ್ಲಿ ಆ ಸೆನ್ಸರುಗಳ ಅರ್ತಿಂಗನ್ನು ನೀರು ತೊಟ್ಟಿಕ್ಕುವ ಜಾಗದಲ್ಲಿ ಬರಿಯ ಬೋಲ್ಟಿಗೆ ಬಿಟ್ಟಿರುವುದನ್ನು ನಾನು ವಿನ್ಯಾಸದ ತಪ್ಪೆಂದೇ ಕರೆಯುತ್ತೇನೆ.

ತಳದ ತೂತುಗಳನ್ನು ತೋರಿಸಿ ವಾರಂಟಿ ಕೇಳಿದಾಗ ಸೂಪರ್‌ವೈಸರ್ ಪುಸ್ತಕವನ್ನು ತೆರೆದು, ಸಾಗಿಸುವ ಸರಕಿನಿಂದ ಉಂಟಾಗುವ ತುಕ್ಕಿಗೆ ವಾರಂಟಿ ಇಲ್ಲವೆಂಬ ಸಾಲನ್ನು ಬೆರಳಿಟ್ಟು ತೋರಿಸಿದರು. ಸಾಲು ಇದ್ದದ್ದು ನಿಜ. ಆದರೆ ಶೋರೂಮಿನಲ್ಲಿ ನನ್ನ ಕೈಗೆ ಕೊಟ್ಟಿದ್ದ ಪ್ರಚಾರದ ಹಾಳೆಯಲ್ಲಿ ತರಕಾರಿ, ಹಾಲಿನ ಕ್ಯಾನುಗಳ ಪಕ್ಕದಲ್ಲಿ ಮೀನಿನ ಕ್ರೇಟುಗಳ ಚಿತ್ರವೂ ಇತ್ತು; ಮಾರುವಾಗ ಸರಕಾಗಿದ್ದ ಮೀನು ವಾರಂಟಿ ಕೇಳುವಾಗ ಅಪರಾಧವಾಯಿತು. ಹಳದಿ ಬೋರ್ಡಿನ ಗಾಡಿಯಾದ್ದರಿಂದ ಗ್ರಾಹಕರ ಆಯೋಗಕ್ಕೆ ಹೋಗಲಾಗದು ಎಂದೂ ಅಲ್ಲಿನ ಮ್ಯಾನೇಜರ್ ಹೇಳಿದರು. ಅದು ಪೂರ್ತಿ ಸರಿಯಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ವಾಣಿಜ್ಯ ಉದ್ದೇಶದ ಖರೀದಿಯನ್ನು ಹೊರಗಿಟ್ಟಿದ್ದರೂ, ಸ್ವಂತ ದುಡಿಮೆಯಿಂದ ಜೀವನ ನಡೆಸುವುದಕ್ಕೆಂದೇ ಕೊಂಡು ತಾನೇ ಬಳಸುವ ವಸ್ತುವನ್ನು ಆ ಮಾತಿನಿಂದ ಬೇರ್ಪಡಿಸಿದೆ. ಒಂದೇ ಗಾಡಿ ಇಟ್ಟುಕೊಂಡು ತಾವೇ ಓಡಿಸುವವರು ಇದನ್ನು ನೆನಪಿಡಬೇಕು. ಕೊಟ್ಟ ಬೆಲೆ 50 ಲಕ್ಷ ರೂಪಾಯಿ ಮೀರದಿದ್ದರೆ ಜಿಲ್ಲಾ ಆಯೋಗದಲ್ಲೇ ದೂರು ಕೊಡಬಹುದು.

ತುಕ್ಕಿನ ಮುಂದೆ ದೊಡ್ಡ ಹೆಸರುಗಳೂ ಸಣ್ಣವಾಗಿವೆ. ಗಟ್ಟಿತನಕ್ಕೇ ಹೆಸರಾದ ಟೊಯೋಟಾ ಕಂಪನಿ, ಅಮೆರಿಕದಲ್ಲಿ ಮಾರಿದ ಟಕೋಮಾ, ಟಂಡ್ರಾ ಪಿಕ್‌ಅಪ್‌ಗಳ ಚಾಸಿಸ್ ತುಕ್ಕು ಹಿಡಿದದ್ದಕ್ಕೆ 2016ರಲ್ಲಿ ಸುಮಾರು 340 ಕೋಟಿ ಡಾಲರ್ ಮೌಲ್ಯದ ರಾಜಿಗೆ ಒಪ್ಪಿಕೊಂಡಿತು. ಅಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುತ್ತಾರೆ, ಇಲ್ಲಿ ಉಪ್ಪನ್ನು ನಾವೇ ಹೊತ್ತುಕೊಂಡು ತಿರುಗುತ್ತೇವೆ. ಅಲ್ಲಿನವರು ಒಟ್ಟಾಗಿ ದಾವೆ ಹೂಡಿದ್ದರು, ನಾವು ಬಂದರಿನಲ್ಲಿ ಚಹಾ ಕುಡಿಯುತ್ತಾ ಬೈದುಕೊಳ್ಳುತ್ತೇವೆ ಎಂಬುದು ಇನ್ನೊಂದು ವ್ಯತ್ಯಾಸ.

ಸಿಟ್ಟು ಇಳಿದದ್ದು ಆ ಸೂಪರ್‌ವೈಸರರಿಂದಲೇ. ವಾರಂಟಿ ಇಲ್ಲವೆಂದು ಬರೆದುಕೊಟ್ಟ ಮೇಲೆ ಅವರು ಹೊರಗೆ ಬಂದು, "ಸರ್, ಇಲ್ಲಿ ಟಿಂಕರಿಂಗ್ ಮಾಡಿಸಿ ದುಡ್ಡು ಹಾಳು ಮಾಡಬೇಡಿ, ಪುಟ್ಟಿ ಹಾಕಿ ಬಣ್ಣ ಹೊಡೆದರೆ ಮುಂದಿನ ಮಳೆಗಾಲಕ್ಕೆ ಮತ್ತೆ ಇಲ್ಲೇ ಇರುತ್ತೀರಿ. ಫೈಬರ್ ದೋಣಿ ಕಟ್ಟುವವರನ್ನು ಒಮ್ಮೆ ಕೇಳಿ ನೋಡಿ" ಎಂದರು. ಅಲ್ಯೂಮಿನಿಯಂ ಹಾಳೆ ಹಾಸಿ ರಿವೆಟ್ ಹೊಡೆಯುವುದು ಬಂದರಿನಲ್ಲಿ ಎಲ್ಲರೂ ಮಾಡುವ ಉಪಾಯ. ಆದರೆ ಎರಡು ಬೇರೆ ಲೋಹಗಳ ನಡುವೆ ಉಪ್ಪುನೀರು ನಿಂತರೆ ಅಲ್ಯೂಮಿನಿಯಂ ಬೇಗ ಸವೆದು ತೂತಾಗುತ್ತದೆ, ಹಾಳೆಯ ಅಡಿಯಲ್ಲಿ ನಿಂತ ನೀರು ಕಬ್ಬಿಣವನ್ನೂ ಬಿಡುವುದಿಲ್ಲ.

ಫೈಬರ್ ಮೇಸ್ತ್ರಿ ನನ್ನ ಗಾಡಿಯನ್ನು ಸುತ್ತು ಹಾಕಿ ನೋಡಿ, "ದೋಣಿಯೇ ವರ್ಷಗಟ್ಟಲೆ ಉಪ್ಪುನೀರಲ್ಲಿ ನಿಲ್ತದೆ ಮಾರಾಯ್ರೇ, ಇದು ಯಾವ ಲೆಕ್ಕ?" ಎಂದರು. ಆದರೆ ಕೆಲಸಕ್ಕೆ ಇಳಿದ ಮೇಲೆ ಅವರು ಯಾವುದನ್ನೂ ಹಗುರವಾಗಿ ತೆಗೆದುಕೊಳ್ಳಲಿಲ್ಲ. ಮೊದಲು ಕೊಳೆತ ತಗಡನ್ನೂ ಚಾನೆಲ್ಲನ್ನೂ ಕತ್ತರಿಸಿ ತೆಗೆಸಿ, ಹೊಸದನ್ನು ಸಂದಿಯೇ ಉಳಿಯದಂತೆ ಉದ್ದಕ್ಕೂ ವೆಲ್ಡ್ ಮಾಡಿಸಿದರು. ತುಕ್ಕಿನ ಮೇಲೆ ಫೈಬರ್ ಹಾಕಿದರೆ ತೇವ ಒಳಗೇ ಸಿಕ್ಕಿಕೊಂಡು ಕಣ್ಣಿಗೆ ಕಾಣದಂತೆ ತಿನ್ನುತ್ತದೆಂದು, ಬಿಳಿ ಕಬ್ಬಿಣ ಕಾಣುವವರೆಗೆ ಗ್ರೈಂಡರ್ ಹಿಡಿಸಿದರು. ಬಳಿಕ ಎಪಾಕ್ಸಿ ಪ್ರೈಮರ್, ಅದರ ಮೇಲೆ ರೆಸಿನ್ನಿನಲ್ಲಿ ಅದ್ದಿದ ಗಾಜಿನ ನೂಲಿನ ಮ್ಯಾಟು ಪದರ ಪದರವಾಗಿ, ಪ್ರತಿ ಪದರದ ಗಾಳಿಗುಳ್ಳೆಯನ್ನು ರೋಲರಿನಿಂದ ಒತ್ತಿ ಹೊರಗಟ್ಟಿ, ಮೂಲೆಗಳನ್ನು ಚೌಕವಾಗಿ ಬಿಡದೆ ಗುಂಡಗೆ ತಿರುಗಿಸಿ, ಕೊನೆಗೆ ಜೆಲ್‌ಕೋಟ್ ಎಂಬ ನುಣ್ಣನೆಯ ಮೇಲ್ಪದರ ಕೊಟ್ಟರು. ನೀರಿಳಿಯುವ ತೂತನ್ನು ದೊಡ್ಡದು ಮಾಡಿ ಪಿವಿಸಿ ಪೈಪನ್ನು ನೇರವಾಗಿ ಟ್ಯಾಂಕಿಗೆ ಇಳಿಸಿದರು. ಖರ್ಚು ನನ್ನ ಒಂದು ತಿಂಗಳ ಸಾಲದ ಕಂತಿಗಿಂತ ತುಸು ಹೆಚ್ಚಾಯಿತು. ಈಗ ತೊಳೆಯುವ ಕೆಲಸ ಅರ್ಧ ಹೊತ್ತಿನಲ್ಲಿ ಮುಗಿಯುತ್ತದೆ. ಹುರುಪೆ ಅಂಟುವುದಕ್ಕೆ ತಗ್ಗುಗಳೇ ಉಳಿದಿಲ್ಲ.

ಇಷ್ಟಾದ ಮೇಲೆ ಈ ಗಾಡಿಯನ್ನು ಕೊಳ್ಳಬಹುದೇ ಎಂದು ಕೇಳುವವರಿಗೆ ನನ್ನ ಉತ್ತರ ಅವರು ಏನನ್ನು ಹೊರುತ್ತಾರೆಂಬುದರ ಮೇಲೆ ನಿಂತಿದೆ. ಅಡಿಕೆ, ಸಿಮೆಂಟು, ಹೆಂಚು ಹೊರುವ ಘಟ್ಟದ ಮೇಲಿನವರು ನಿಶ್ಚಿಂತೆಯಿಂದ ಕೊಳ್ಳಿ. ಮೀನು, ಐಸ್, ಉಪ್ಪು ಹೊರುವ ಕರಾವಳಿಯವರು ಕಂಪನಿಯ ಬಾಡಿಗೆ ದುಡ್ಡು ಕೊಡದೆ, ಬಾಡಿಯಿಲ್ಲದ ಕ್ಯಾಬ್ ಚಾಸಿಸ್ ಮಾದರಿ ಸಿಗುತ್ತದೆಯೇ ಎಂದು ಮೊದಲು ವಿಚಾರಿಸಿ, ಸಿಕ್ಕರೆ ಅದರ ಮೇಲೆ ಫೈಬರ್ ಒಳಮೈಯ ಪೆಟ್ಟಿಗೆಯನ್ನು ಕಟ್ಟಿಸಿಕೊಳ್ಳಿ. ಬಾಡಿ ಕಟ್ಟಿದ ಮೇಲೆಯೇ ನೋಂದಣಿ ಮಾಡಿಸಿ, ಬಾಡಿಯ ಮಾದರಿಯೂ ಖಾಲಿ ಗಾಡಿಯ ತೂಕವೂ ಆರ್‌ಸಿಯಲ್ಲಿ ಸರಿಯಾಗಿ ನಮೂದಾಗುವಂತೆ ನೋಡಿಕೊಳ್ಳಿ. ನೋಂದಣಿಯಾದ ಮೇಲೆ ಬಾಡಿಯನ್ನು ಬದಲಿಸಹೊರಟರೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡ ಬರುತ್ತದೆ, ಎಫ್‌ಸಿಗೆ, ಅಂದರೆ ಗಾಡಿಯ ಫಿಟ್‌ನೆಸ್ ಪ್ರಮಾಣಪತ್ರಕ್ಕೆ ಹೋದಾಗ ಆರ್‌ಟಿಒದಲ್ಲಿ ತಕರಾರು ಏಳುತ್ತದೆ. ಹಾಗೆಯೇ ಗಾಡಿ ಮನೆಗೆ ಬಂದ ವಾರದಲ್ಲೇ ಎಲೆಕ್ಟ್ರಿಷಿಯನ್ನರನ್ನು ಕರೆಸಿ, ಅಡಿಯಲ್ಲಿರುವ ಅರ್ತಿಂಗ್ ಬೋಲ್ಟುಗಳನ್ನೆಲ್ಲ ಬಿಚ್ಚಿಸಿ, ಗ್ರೀಸ್ ಹಚ್ಚಿ ಮತ್ತೆ ಬಿಗಿಸಿ.