ಓಪನ್ ಸೈಟ್, ಪೀಪ್ ಸೈಟ್, ಸ್ಕೋಪ್: ಹೊಸಬರ ರೈಫಲ್‌ಗೆ ಯಾವುದು?

ಸೈಟ್ ಅಂದರೆ ಗುರಿ ಹಿಡಿಯಲು ರೈಫಲ್ ಮೇಲೆ ಕೂರಿಸುವ ಸಾಧನ, ಸ್ಕೋಪ್ ಅಂದರೆ ಅದೇ ಕೆಲಸಕ್ಕೆ ಹಾಕುವ ಪುಟ್ಟ ದೂರದರ್ಶಕ. ರೈಫಲ್ ಕಲಿಯಲು ಬಂದವರಿಗೆ ಹಳಬರು ಹೇಳುವ ಮಾತು ಒಂದೇ: ‘ಮೊದಲು ಓಪನ್ ಸೈಟಲ್ಲಿ ಕೈ ಪಳಗಲಿ, ಸ್ಕೋಪು ಆಮೇಲೆ.’ ಇದಕ್ಕೆ ತಿರುಗಿ ಹೇಳುವವರೂ ಈಗ ಕಡಿಮೆಯಿಲ್ಲ. ‘ಆ ಕಬ್ಬಿಣದ ಕಡ್ಡಿ ನೋಡ್ತಾ ಯಾಕೆ ಕಣ್ಣು ಹಾಳು ಮಾಡ್ಕೋತೀರಿ, ಸೀದಾ ಸ್ಕೋಪ್ ಹಾಕಿ’ ಅನ್ನುತ್ತಾರೆ. ಎರಡೂ ಕಡೆಯ ವಾದ ಕೇಳಿ ಸಾಕಾಗಿ, ಬೇಸಿಗೆ ರಜೆಯಲ್ಲಿ ಹುಣಸೂರು ಕಡೆಯ ಅಕ್ಕನ ಮನೆಯಲ್ಲಿ ಒಂದೇ ರೈಫಲ್‌ಗೆ ಎಲ್ಲವನ್ನೂ ಸರದಿಯಂತೆ ಹಾಕಿ ನೋಡಿದೆ.

ರೈಫಲ್ ಅಂದರೆ ಬ್ಯಾರಲ್ ಮಡಚಿ ಲೋಡ್ ಮಾಡುವ ಸ್ಪ್ರಿಂಗ್ ಏರ್ ರೈಫಲ್, 4.5 ಮಿ.ಮೀ. ಈ ಅಳತೆಯೊಳಗೆ, ಹೊಡೆತದ ಶಕ್ತಿ 20 ಜೂಲ್ ಮೀರದ ಏರ್ ರೈಫಲ್‌ಗೆ 2016ರ ಆಯುಧ ನಿಯಮಗಳ ಪ್ರಕಾರ ಲೈಸೆನ್ಸ್ ಬೇಕಿಲ್ಲ. ಹಾಗಂತ ಅದು ಆಟಿಕೆಯಲ್ಲ. ತಂಬಾಕು ಗ್ರೇಡಿಂಗ್ ಮಾಡುವ ಉದ್ದನೆಯ ಶೆಡ್ಡು ಬೇಸಿಗೆಯಲ್ಲಿ ಖಾಲಿ ಬಿದ್ದಿರುತ್ತದೆ. ಅದರ ಒಂದು ತುದಿಗೆ ಮರಳು ಚೀಲಗಳ ಗೋಡೆ, ಅಲ್ಲಿಂದ ಅಳೆದು 10 ಮೀಟರ್‌ಗೆ ಒಂದು ಮೇಜು. ಕಲಿಯಲು ಕೂತವರು ಮೂವರು: ಪಿಯುಸಿ ಓದುತ್ತಾ ಎನ್‌ಸಿಸಿಯಲ್ಲಿರುವ ಅಕ್ಕನ ಮಗಳು, ಏಳನೇ ಕ್ಲಾಸಿನ ಅವಳ ತಮ್ಮ, ಐವತ್ತರ ಹತ್ತಿರ ಬಂದಿರುವ ಭಾವ. ಕಣ್ಣಿಗೆ ರಕ್ಷಣೆಯ ಕನ್ನಡಕ ಇಲ್ಲದೆ ಯಾರೂ ಮೇಜಿನ ಬಳಿ ಬರುವಂತಿಲ್ಲ, ಹೇಳುವವರೆಗೆ ಟ್ರಿಗರ್ ಮೇಲೆ ಬೆರಳು ಇಡುವಂತಿಲ್ಲ. ಇವೆರಡರಲ್ಲಿ ಅಕ್ಕ ನನಗಿಂತ ಕಟ್ಟುನಿಟ್ಟು.

ಮೊದಲು ಓಪನ್ ಸೈಟ್. ಹಿಂದೆ ಒಂದು ಕಚ್ಚು, ಮುಂದೆ ಒಂದು ಕಡ್ಡಿ, ಅಷ್ಟೇ. ನೋಡಲು ಇಷ್ಟು ಸರಳವಾಗಿರುವುದರಿಂದಲೇ ಇದು ಸುಲಭ ಅಂತ ಎಲ್ಲರೂ ನಂಬಿರುವುದು. ಕಣ್ಣಿಗೆ ಕೇಳಿದರೆ ಬೇರೆಯದೇ ಹೇಳುತ್ತದೆ. ಕಚ್ಚು ಒಂದು ದೂರದಲ್ಲಿ, ಕಡ್ಡಿ ಇನ್ನೊಂದು ದೂರದಲ್ಲಿ, ಟಾರ್ಗೆಟ್ 10 ಮೀಟರ್ ಆಚೆ. ಕಣ್ಣು ಒಂದು ಸಲಕ್ಕೆ ಒಂದನ್ನು ಮಾತ್ರ ನಿಚ್ಚಳವಾಗಿ ಕಾಣಬಲ್ಲದು. ಮುಂದಿನ ಕಡ್ಡಿ ಸ್ಪಷ್ಟ ಇರಬೇಕು, ಟಾರ್ಗೆಟ್ ಮಸುಕಾದರೂ ಪರವಾಗಿಲ್ಲ ಅನ್ನುವುದು ಪಾಠ. ಹೊಸಬರ ಕಣ್ಣು ಮಾತ್ರ ಟಾರ್ಗೆಟ್‌ಗೇ ಓಡುತ್ತದೆ. ಅಲ್ಲೇ ಲೆಕ್ಕ ತಪ್ಪುವುದು. ನಮ್ಮ ರೈಫಲ್‌ನಲ್ಲಿ ಹಿಂದಿನ ಸೈಟಿಗೂ ಮುಂದಿನದಕ್ಕೂ ಸುಮಾರು 45 ಸೆಂ.ಮೀ. ಅಂತರ. ಕಡ್ಡಿ ಕಚ್ಚಿನೊಳಗೆ ಬರೀ 1 ಮಿ.ಮೀ. ಆಚೀಚೆ ಆದರೆ 10 ಮೀಟರ್‌ನಲ್ಲಿ ಪೆಲೆಟ್, ಅಂದರೆ ಏರ್ ರೈಫಲ್‌ನ ಪುಟ್ಟ ಗುಂಡು, 22 ಮಿ.ಮೀ. ಸರಿದು ಬೀಳುತ್ತದೆ. ಅದೇ ಸೈಟುಗಳೆರಡೂ ಸರಿಯಾಗಿ ಕೂತಿದ್ದು ಇಡೀ ರೈಫಲ್ 1 ಮಿ.ಮೀ. ಪಕ್ಕಕ್ಕೆ ಜರುಗಿದರೆ ಪೆಲೆಟ್ಟೂ 1 ಮಿ.ಮೀ. ಮಾತ್ರ ಜರುಗುತ್ತದೆ. ಕೈ ನಡುಗುವುದಕ್ಕೆ ಹೆದರಬೇಡಿ, ಕಡ್ಡಿಯನ್ನು ಕಚ್ಚಿನ ಮಧ್ಯ ಉಳಿಸಿಕೊಳ್ಳಿ ಅಂತ ಕೋಚ್‌ಗಳು ಬಡಿದುಕೊಳ್ಳುವುದು ಇದೇ ಕಾರಣಕ್ಕೆ.

ಈ ರೈಫಲ್‌ಗಳ ಮುಂದಿನ ಸೈಟಿಗೆ ಕಂಪನಿಯವರು ಹಸಿರು, ಕೆಂಪು ಬಣ್ಣದ ಫೈಬರ್ ಕಡ್ಡಿ ಹಾಕಿ ಕೊಡುತ್ತಾರೆ. ಅಂಗಡಿಯಲ್ಲಿ ಮಿಂಚುತ್ತದೆ, ಕಾಗದದ ಟಾರ್ಗೆಟ್‌ಗೆ ಮಾತ್ರ ನಾಲಾಯಕ್ಕು. ಕಣ್ಣಿನಿಂದ ಮುಕ್ಕಾಲು, ಒಂದು ಮೀಟರ್ ದೂರದಲ್ಲಿರುವ ಒಂದೂವರೆ ಮಿ.ಮೀ. ಚುಕ್ಕಿ, 10 ಮೀಟರ್ ಆಚೆ ಒಂದೂವರೆ ಸೆಂ.ಮೀ.ಗಿಂತ ಹೆಚ್ಚು ಜಾಗ ಮುಚ್ಚಿಬಿಡುತ್ತದೆ. ಏರ್ ರೈಫಲ್ ಟಾರ್ಗೆಟ್‌ನ ಕಪ್ಪು ವೃತ್ತವೇ 30.5 ಮಿ.ಮೀ. ಇರುವುದು. ಆ ಫೈಬರ್ ಕಡ್ಡಿ ತೆಗೆಸಿ, ಲೇತ್ ಅಂಗಡಿಯಲ್ಲಿ ಒಂದು ಚಪ್ಪಟೆ ಉಕ್ಕಿನ ಕಡ್ಡಿ ಮಾಡಿಸಿ ಹಾಕಿದೆವು.

ಆಗ ಇನ್ನೊಂದು ತಮಾಷೆ ಶುರುವಾಯಿತು. ಬೆಳಿಗ್ಗೆ ಮಧ್ಯಕ್ಕೆ ಬೀಳುತ್ತಿದ್ದ ಹುಡುಗಿಯ ಗ್ರೂಪು, ಅಂದರೆ ಟಾರ್ಗೆಟ್ ಮೇಲಿನ ತೂತುಗಳ ಗುಂಪು, ಸಂಜೆ ಎಡಕ್ಕೆ ಸರಿಯಿತು. ಯಾರೂ ಸ್ಕ್ರೂ ಮುಟ್ಟಿಲ್ಲ. ಶೆಡ್ಡಿನ ಪಶ್ಚಿಮದ ಬದಿ ನಮ್ಮ ಬಲಕ್ಕೆ. ಸಂಜೆ ಬಿಸಿಲು ಅಲ್ಲಿಂದ ಓರೆಯಾಗಿ ಬಿದ್ದು ಕಡ್ಡಿಯ ಬಲ ಅಂಚು ಹೊಳೆಯುತ್ತಿತ್ತು. ಹೊಳೆಯುವ ಅಂಚನ್ನೇ ಕಡ್ಡಿ ಅಂತ ಎಣಿಸಿ ಕಣ್ಣು ಅದನ್ನು ಮಧ್ಯಕ್ಕೆ ತರುತ್ತದೆ, ರೈಫಲ್ ಎಡಕ್ಕೆ ತಿರುಗುತ್ತದೆ. ದೇವರ ಮನೆಯಿಂದ ಎರಡು ಬಿಲ್ಲೆ ಕರ್ಪೂರ ತಂದು ಹಚ್ಚಿ, ಕಡ್ಡಿಗೆ ಅದರ ಮಸಿ ಹಿಡಿಸಿದೆ. ಹಳೆಯ ಶೂಟರ್‌ಗಳ ಉಪಾಯ ಇದು. ಮಸಿ ಕೂತ ಮೇಲೆ ಹೊಳಪು ಹೋಯಿತು, ಗ್ರೂಪು ವಾಪಸ್ ಬಂತು. ‘ಮಾಮ, ಇದನ್ನ ಎನ್‌ಸಿಸಿಯಲ್ಲಿ ಹೇಳಿಕೊಟ್ಟೇ ಇಲ್ಲ’ ಅಂದಳು.

ಓಪನ್ ಸೈಟ್ ಪರವಾಗಿ ಒಂದು ಮಾತು ಹೇಳಲೇಬೇಕು, ಇದನ್ನು ಹೆಚ್ಚಿನವರು ಗಮನಿಸಿರುವುದಿಲ್ಲ. ಮಡಚುವ ಬ್ಯಾರಲ್‌ನ ರೈಫಲ್‌ಗಳಲ್ಲಿ ಸಾಮಾನ್ಯವಾಗಿ ಎರಡೂ ಸೈಟು ಬ್ಯಾರಲ್ ಮೇಲೆಯೇ ಇರುತ್ತವೆ. ಬ್ಯಾರಲ್ ಪ್ರತಿ ಸಲ ಕೂದಲೆಳೆಯಷ್ಟು ಬೇರೆಯಾಗಿ ಕೂತರೂ ಸೈಟುಗಳೂ ಅದರ ಜೊತೆಗೇ ಸರಿಯುತ್ತವೆ. ಪೀಪ್ ಸೈಟಿನ ಹಿಂದಿನ ಭಾಗ ಮತ್ತು ಸ್ಕೋಪ್ ಕೂರುವುದು ಬಾಡಿಯ ಮೇಲೆ. ಕೀಲು ಸಡಿಲವಾದ ಹಳೇ ರೈಫಲ್‌ಗೆ ದುಬಾರಿ ಸ್ಕೋಪ್ ಹಾಕಿ ಗ್ರೂಪು ಬರಲಿಲ್ಲ ಅಂತ ಪೆಲೆಟ್ಟನ್ನು ಬೈಯುವವರು ಮೊದಲು ಕೀಲು ನೋಡಲಿ.

ಮುಂದಿನದು ಪೀಪ್ ಸೈಟ್. ಇದೂ ಕಬ್ಬಿಣದ ಸೈಟೇ, ಲೆನ್ಸ್ ಇಲ್ಲ. ಹಿಂದೆ ಕಣ್ಣಿನ ಹತ್ತಿರ ಸಣ್ಣ ತೂತಿನ ಒಂದು ಬಿಲ್ಲೆ, ಮುಂದೆ ಕೊಳವೆಯೊಳಗೆ ಒಂದು ಉಂಗುರ. ತೂತಿನೊಳಗೆ ಕೊಳವೆ, ಕೊಳವೆಯೊಳಗೆ ಉಂಗುರ, ಉಂಗುರದೊಳಗೆ ಕಪ್ಪು ವೃತ್ತ. ಮಧ್ಯಕ್ಕೆ ತರುವ ಕೆಲಸವನ್ನು ಕಣ್ಣು ಹೇಳಿಸಿಕೊಳ್ಳದೆ ಮಾಡುತ್ತದೆ. ಸಣ್ಣ ತೂತಿನ ಮೂಲಕ ನೋಡುವಾಗ ಹತ್ತಿರದ್ದೂ ದೂರದ್ದೂ ಒಂದೇ ಸಮಕ್ಕೆ ಸಾಕಷ್ಟು ಸ್ಪಷ್ಟವಾಗುವುದು ಇನ್ನೊಂದು ಲಾಭ. ಸೈಟುಗಳ ನಡುವಿನ ಅಂತರವೂ ಹೆಚ್ಚುತ್ತದೆ. ನಮ್ಮದರಲ್ಲಿ ಅದು 70 ಸೆಂ.ಮೀ. ಹತ್ತಿರ ಬಂತು. ಆ 1 ಮಿ.ಮೀ. ತಪ್ಪಿಗೆ ಬೀಳುವ ದಂಡ 22ರಿಂದ 14 ಮಿ.ಮೀ.ಗೆ ಇಳಿಯಿತು.

ಅಕ್ಕನ ಮಗಳ ಗ್ರೂಪು ಕುಗ್ಗಿದ್ದು ಇಲ್ಲಿಯೇ. ಓಪನ್ ಸೈಟಲ್ಲಿ ಅವಳ ಪೆಲೆಟ್‌ಗಳು ಮೇಲಿಂದ ಕೆಳಗೆ ಉದ್ದಕ್ಕೆ ಸಾಲು ಹಿಡಿಯುತ್ತಿದ್ದವು, ಕಡ್ಡಿಯ ಎತ್ತರ ಪ್ರತಿ ಸಲ ಬೇರೆ ಆಗುತ್ತಿದ್ದುದರ ಗುರುತು ಅದು. ಉಂಗುರ ಬಂದ ಮೇಲೆ ಆ ಸಾಲು ಮಾಯ. ಅವಳು ಮಾತ್ರ ಉಂಗುರ ಆದಷ್ಟು ಬಿಗಿಯಾಗಿರಲಿ, ಕಪ್ಪು ವೃತ್ತಕ್ಕೆ ಅಂಟಿಕೊಂಡಂತೆ ಇರಲಿ ಅಂತ ಹಟ ಹಿಡಿದಳು. ಬಿಗಿ ಉಂಗುರದಲ್ಲಿ ಕೈಯ ಸಣ್ಣ ಓಲಾಟವೂ ದೊಡ್ಡದಾಗಿ ಕಾಣುತ್ತದೆ, ಸರಿ ಹೋಗಲಿ ಅಂತ ಕಾಯುತ್ತಾ ಕೂತರೆ ಉಸಿರು ಮುಗಿಯುತ್ತದೆ, ಕಡೆಗೆ ಟ್ರಿಗರ್ ಜಗ್ಗಿಬಿಡುತ್ತಾರೆ. ಸುತ್ತ ಬಿಳಿ ಧಾರಾಳವಾಗಿ ಕಾಣುವ ದೊಡ್ಡ ಉಂಗುರ ಹಾಕಿಕೊಟ್ಟೆ. ಮುಖ ಸಣ್ಣಗೆ ಮಾಡಿಕೊಂಡೇ ಹೊಡೆದಳು, ಚೆನ್ನಾಗಿಯೇ ಬಿತ್ತು.

ಒಂದು ಕಣ್ಣು ಮುಚ್ಚಬೇಕೇ? ಬೇಡ. ಮುಚ್ಚಿದ ಕಣ್ಣಿನ ಬಿಗಿತ ತೆರೆದ ಕಣ್ಣಿಗೂ ದಾಟುತ್ತದೆ. ಆ ಕಣ್ಣಿನ ಮುಂದೆ ಅರೆಪಾರದರ್ಶಕ ಪ್ಲಾಸ್ಟಿಕ್ಕಿನ ಪಟ್ಟಿ ಅಂಟಿಸಿದರೆ ಮುಗಿಯಿತು. ಹುಡುಗನಿಗೆ ಬಲಗೈ ರೂಢಿ, ಕಣ್ಣು ಮಾತ್ರ ಎಡದ್ದೇ ಜೋರು. ಎರಡೂ ಅಂಗೈ ಸೇರಿಸಿ ಸಣ್ಣ ಕಿಂಡಿ ಮಾಡಿ ದೂರದ ಕಂಬ ನೋಡಿಸಿದರೆ ಇದು ತಕ್ಷಣ ಗೊತ್ತಾಗುತ್ತದೆ. ಅವನಿಗೆ ಈ ಪಟ್ಟಿ ಇಲ್ಲದೆ ಯಾವ ಸೈಟೂ ಕೆಲಸ ಮಾಡುತ್ತಿರಲಿಲ್ಲ.

ಇನ್ನು ಸ್ಕೋಪ್. ನಾಲ್ಕು ಪಟ್ಟು ದೊಡ್ಡದಾಗಿ ತೋರಿಸುವ, 32 ಮಿ.ಮೀ. ಲೆನ್ಸಿನ ಸಾಮಾನ್ಯ ಸ್ಕೋಪ್ ಮೊದಲು ಹಾಕಿದೆ. ಭಾವನ ಖುಷಿ ನೋಡಬೇಕಿತ್ತು. ಓದುವ ಕನ್ನಡಕದ ವಯಸ್ಸು. ಓಪನ್ ಸೈಟಲ್ಲಿ ಕಡ್ಡಿಯೇ ಅವರಿಗೆ ಎರಡೆರಡಾಗಿ ಕಾಣುತ್ತಿತ್ತು. ಸ್ಕೋಪ್‌ನಲ್ಲಿ ಗುರಿ ಹಿಡಿಯಲು ಇರುವ ಗೆರೆಯೂ ಟಾರ್ಗೆಟ್ಟೂ ಒಂದೇ ಮಟ್ಟದಲ್ಲಿರುವುದರಿಂದ ಕಣ್ಣಿಗೆ ಆಯ್ಕೆಯ ತಾಪತ್ರಯವೇ ಇಲ್ಲ. ಚೀಲದ ಮೇಲೆ ಕೈಯಿಟ್ಟು ಹೊಡೆದು ‘ನೋಡಿದ್ಯೇನಪ್ಪಾ’ ಅಂತ ನನ್ನ ಕಡೆ ತಿರುಗಿದರು.

ಆದರೂ ಚಿತ್ರ ಮಬ್ಬು ಮಬ್ಬು. ಇಂಥ ಸ್ಕೋಪ್‌ಗಳನ್ನು ಬಹಳ ಸಲ 100 ಗಜಕ್ಕೆ ಹೊಂದಿಸಿರುತ್ತಾರೆ. 10 ಮೀಟರ್‌ನಲ್ಲಿ ಅದರ ಪರಿಣಾಮ ನೋಡಬೇಕೆಂದರೆ ರೈಫಲ್ಲನ್ನು ಚೀಲದ ಮೇಲೆ ಅಲುಗದಂತೆ ಕೂರಿಸಿ, ಮುಟ್ಟದೆ, ತಲೆ ಮಾತ್ರ ಎಡ ಬಲ ಆಡಿಸಿ. ಗೆರೆ ಟಾರ್ಗೆಟ್ ಮೇಲೆ ತೇಲಾಡುತ್ತದೆ. ಪ್ಯಾರಲಾಕ್ಸ್ ಅಂದರೆ ಇದು. ಈ ಅಳತೆಯ ಲೆನ್ಸಿಗೆ ಹೆಚ್ಚೆಂದರೆ 14 ಮಿ.ಮೀ. ತನಕ ಮೋಸ ಮಾಡಬಲ್ಲದು. ಕೆನ್ನೆ ಪ್ರತಿ ಸಲ ಒಂದೇ ಜಾಗಕ್ಕೆ ಒರಗಿಸುವ ಅಭ್ಯಾಸ ಇಲ್ಲದ ಹೊಸಬರು ‘ಗೆರೆ ಸರಿಯಾಗೇ ಇತ್ತಲ್ಲ’ ಅಂತ ತಲೆ ಕೆರೆದುಕೊಳ್ಳುವುದು ಇಲ್ಲಿ. ಮುಂದಿನ ಲೆನ್ಸ್ ತಿರುಗಿಸಿ 10 ಗಜದವರೆಗೂ ಫೋಕಸ್ ಮಾಡಬಹುದಾದ ಸ್ಕೋಪ್ ಕೊಳ್ಳಿ, ಇಲ್ಲವೇ ಬೇಡವೇ ಬೇಡ.

ಸ್ಪ್ರಿಂಗ್ ರೈಫಲ್‌ಗೆ ಇನ್ನೊಂದು ಗ್ರಹಚಾರ ಇದೆ. ಪಿಸ್ಟನ್ ಮುಂದಕ್ಕೆ ನುಗ್ಗುವಾಗ ರೈಫಲ್ ಹಿಂದಕ್ಕೆ ಒದೆಯುತ್ತದೆ, ಪಿಸ್ಟನ್ ಬಡಿದು ನಿಂತಾಗ ಮುಂದಕ್ಕೆ ಎಗರುತ್ತದೆ. ಈ ಎರಡು ಕಡೆಯ ಒದೆತಕ್ಕೆ ತಯಾರಾಗದ ಸ್ಕೋಪ್, ದೊಡ್ಡ ಬಂದೂಕಿಗೆ ಹಾಕುವಂಥದ್ದಾದರೂ, ಒಳಗೆ ಕಳಚಿಕೊಳ್ಳುತ್ತದೆ. ಕಳಚದಿದ್ದರೂ ಸ್ಕೋಪನ್ನು ರೈಫಲ್‌ಗೆ ಹಿಡಿಸುವ ಮೌಂಟ್ ಹಿಂದಕ್ಕೆ ಜಾರುತ್ತಾ ಹೋಗುತ್ತದೆ. ನಮ್ಮದೂ ಜಾರಿತು. ತಡೆ ಪಿನ್ ಇರುವ ಮೌಂಟ್ ಹಾಕಿದ ಮೇಲೆ ನಿಂತಿತು.

ಇಷ್ಟೆಲ್ಲ ಕಾಟದ ನಡುವೆಯೂ ಸ್ಕೋಪ್ ಒಂದು ಕೆಲಸ ಮಾಡಿತು, ಅದಕ್ಕೆ ನಾನು ಋಣಿ. ಹುಡುಗನ ಪೆಲೆಟ್‌ಗಳು ಚದುರುವುದು ಯಾಕೆ ಅಂತ ಓಪನ್ ಸೈಟಲ್ಲಿ ಪತ್ತೆಯಾಗುತ್ತಲೇ ಇರಲಿಲ್ಲ. ಕಣ್ಣೋ, ಉಸಿರೋ, ಬೆರಳೋ? ಸ್ಕೋಪ್‌ನಲ್ಲಿ ಕಣ್ಣಿನ ಪ್ರಶ್ನೆ ಹೆಚ್ಚುಕಮ್ಮಿ ಬದಿಗೆ ಸರಿಯಿತು. ‘ಹೊಡೆದ ಕ್ಷಣ ಗೆರೆ ಎಲ್ಲಿತ್ತು, ಹೇಳು’ ಅಂದೆ. ‘ಬಲಕ್ಕೆ ಕೆಳಗೆ ಹೋಯ್ತು ಮಾಮ’ ಅಂದ. ಟಾರ್ಗೆಟ್ ತಂದು ನೋಡಿದರೆ ತೂತೂ ಬಲಕ್ಕೆ, ಕೆಳಗೇ. ತನ್ನ ಬೆರಳು ಮಾಡುವ ಕಿತಾಪತಿ ಅವನಿಗೆ ಕಣ್ಣಾರೆ ಕಂಡಿತು. ಇನ್ನು ನಾನು ಗದರುವ ಅಗತ್ಯ ಇರಲಿಲ್ಲ. ಪಟ್ಟು ಹೆಚ್ಚಿಸಬಾರದು, ಅಷ್ಟೇ. ಒಂಬತ್ತಕ್ಕೆ ಏರಿಸಿದರೆ ಗೆರೆ ಕುಣಿಯುವುದನ್ನೇ ನೋಡುತ್ತಾ, ಅದು ಮಧ್ಯಕ್ಕೆ ಬಂದ ಕ್ಷಣ ಹಿಡಿಯಲು ಹೋಗಿ ಮತ್ತೆ ಟ್ರಿಗರ್ ಜಗ್ಗುತ್ತಾರೆ.

ಗುರಿ ಸರಿಪಡಿಸಲು ಸ್ಕೋಪಿನ ತಿರುಪು ತಿರುಗಿಸುವಾಗ ಬರುವ ಕ್ಲಿಕ್ಕಿನ ಲೆಕ್ಕವೂ ಹೊಸಬರನ್ನು ಗಲಿಬಿಲಿ ಮಾಡುತ್ತದೆ. ಒಂದು ಕ್ಲಿಕ್ಕಿಗೆ 100 ಗಜದಲ್ಲಿ ಕಾಲು ಇಂಚು ಅಂತ ಸ್ಕೋಪ್ ಮೇಲೆ ಬರೆದಿರುತ್ತದೆ. 10 ಮೀಟರ್‌ನಲ್ಲಿ ಅದು ಮುಕ್ಕಾಲು ಮಿ.ಮೀ. ಕೂಡ ಇಲ್ಲ. ಒಂದು ಸೆಂ.ಮೀ. ಸರಿಸಲು ಹದಿನಾಲ್ಕು ಕ್ಲಿಕ್ ಬೇಕು. ಎರಡು ಕ್ಲಿಕ್ ತಿರುಗಿಸಿ ‘ಇದು ಕೆಟ್ಟಿದೆ’ ಅನ್ನಬೇಡಿ.

ಗಾಜಿನಲ್ಲಿ ಕೆಂಪು ಬೆಳಕಿನ ಚುಕ್ಕಿ ತೋರಿಸುವ ರೆಡ್ ಡಾಟ್ ಸೈಟಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಬ್ಬ ಗೆಳೆಯನದನ್ನು ಹಾಕಿ ನೋಡಿದೆವು. ಡಬ್ಬ ಬೀಳಿಸಲು ಮಜವಾಗಿದೆ, ಕಾಗದಕ್ಕೆ ಒರಟು. ನನ್ನ ಕಣ್ಣಿಗೆ ಅಸ್ಟಿಗ್ಮ್ಯಾಟಿಸಂ ಇರುವುದರಿಂದ ಚುಕ್ಕಿ ದುಂಡಗೆ ಕಾಣದೆ ಒಡೆದು ಹರಡಿತ್ತು. ಮೊಬೈಲ್ ಕ್ಯಾಮೆರಾದಲ್ಲಿ ಅದರ ಮೂಲಕ ಫೋಟೋ ತೆಗೆಯಿರಿ, ಅಲ್ಲಿ ದುಂಡಗಿದ್ದರೆ ದೋಷ ಡಾಟಿನದಲ್ಲ.

ಹಾಗಾದರೆ ಯಾವುದು? ಸ್ಪರ್ಧೆಯ ಕಡೆ ಕಣ್ಣಿರುವ ಮಕ್ಕಳಿಗೆ ಪೀಪ್ ಸೈಟ್, ಎರಡನೇ ಮಾತಿಲ್ಲ. ಒಲಿಂಪಿಕ್ಸ್‌ನ ರೈಫಲ್ ಸ್ಪರ್ಧೆಗಳಲ್ಲಿ ಟೆಲಿಸ್ಕೋಪಿಗೆ ಜಾಗವೇ ಇಲ್ಲ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು, 2012ರಲ್ಲಿ ಲಂಡನ್‌ನಲ್ಲಿ ಗಗನ್ ನಾರಂಗ್, 2024ರಲ್ಲಿ ಪ್ಯಾರಿಸ್‌ನಲ್ಲಿ ಸ್ವಪ್ನಿಲ್ ಕುಸಾಳೆ ಕಂಚು ತಂದದ್ದು ಎಲ್ಲವೂ ತೂತು ಮತ್ತು ಉಂಗುರದ ಸೈಟಲ್ಲೇ. ಓಪನ್ ಸೈಟ್ ಏರ್ ರೈಫಲ್‌ಗೆ ನಮ್ಮ ದೇಶದೊಳಗಿನ ಸ್ಪರ್ಧೆಗಳಲ್ಲಿ ಪ್ರತ್ಯೇಕ ವಿಭಾಗ ಇದೆ, ಕಡಿಮೆ ಖರ್ಚಿನಲ್ಲಿ ಒಳಗೆ ಬರಲು ಅದು ಒಳ್ಳೆಯ ಬಾಗಿಲು. ಕೊಡಗಿನ ಕೈಲ್ ಮುಹೂರ್ತ ಹಬ್ಬದ ಹೊತ್ತಿಗೆ ಮರದ ಮೇಲೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಆಸೆ ಇದ್ದವರು ಓಪನ್ ಸೈಟ್ ಬಿಡುವಂತಿಲ್ಲ, ಅವರು ಕಡ್ಡಿಯ ಜೊತೆಗೇ ಗುದ್ದಾಡಲಿ.

ಓಪನ್ ಸೈಟಿನಿಂದಲೇ ಶುರು ಮಾಡಬೇಕು ಅನ್ನುವ ಮಾತನ್ನು ನಾನಂತೂ ಒಪ್ಪುವುದಿಲ್ಲ. ಅದು ಕಲಿಸುವುದಿಲ್ಲ ಅಂತಲ್ಲ. ಕಣ್ಣಿನ ತಪ್ಪು, ಬೆರಳಿನ ತಪ್ಪು, ಬೆಳಕಿನ ತಪ್ಪು ಎಲ್ಲವೂ ಒಟ್ಟಿಗೇ ಟಾರ್ಗೆಟ್ ಮೇಲೆ ಬಂದು ಬೀಳುವುದರಿಂದ ಯಾವುದನ್ನು ತಿದ್ದಬೇಕು ಅನ್ನುವುದು ಕಲಿಯುವವರಿಗೂ ಗೊತ್ತಾಗುವುದಿಲ್ಲ, ಕಲಿಸುವವರಿಗೂ ಗೊತ್ತಾಗುವುದಿಲ್ಲ. ನನ್ನನ್ನು ಕೇಳಿದರೆ ಮೊದಲ ಕೆಲವು ದಿನ ಸ್ಕೋಪ್, ಅದೂ ಕಡಿಮೆ ಪಟ್ಟಿನಲ್ಲಿ, ಚೀಲದ ಮೇಲೆ, ಬೆರಳು ಪಳಗುವವರೆಗೆ ಮಾತ್ರ. ಚೀಲದ ಮೇಲೆ ರೈಫಲ್ಲನ್ನು ನೇರ ಇಡಬಾರದು, ಅಂಗೈ ಚೀಲದ ಮೇಲೆ, ರೈಫಲ್ ಅಂಗೈ ಮೇಲೆ, ಹಿಡಿತ ಸಡಿಲ. ಗಟ್ಟಿ ಒರಗಿಸಿದರೆ ಸ್ಪ್ರಿಂಗ್ ರೈಫಲ್ ಬೇರೆ ಕಡೆಗೇ ಹೊಡೆಯುತ್ತದೆ. ಆಮೇಲೆ ಸ್ಕೋಪ್ ಬಿಚ್ಚಿ ಪೀಪ್. ನಲವತ್ತೈದು ದಾಟಿ, ಹವ್ಯಾಸಕ್ಕೆ ಹೊಡೆಯುವವರು ಸ್ಕೋಪ್ ಬಿಚ್ಚದಿದ್ದರೂ ನಡೆಯುತ್ತದೆ. ಭಾವ ಬಿಚ್ಚಲು ಬಿಡಲೂ ಇಲ್ಲ.

ಪೀಪ್ ಸೈಟ್ ಕೊಳ್ಳಲು ಹೋಗುವವರು ರೈಫಲ್ಲನ್ನು ಜೊತೆಗೇ ಒಯ್ಯಿರಿ. ಬಾಡಿಯ ಮೇಲೆ ಸೈಟ್ ಸಿಕ್ಕಿಸುವ 11 ಮಿ.ಮೀ. ತೋಡು ಇದೆಯೇ, ಮುಂದಿನ ಕೊಳವೆ ಕೂರಲು ಬ್ಯಾರಲ್ ತುದಿಯಲ್ಲಿ ಜಾಗ ಇದೆಯೇ ಅಂತ ಅಲ್ಲೇ ಕೂರಿಸಿ ನೋಡಿ. ಹಿಂದಿನ ಬಿಲ್ಲೆ ಮಾತ್ರ ತಂದು, ಮುಂದೆ ಹಳೇ ಕಡ್ಡಿಯನ್ನೇ ಇಟ್ಟುಕೊಂಡರೆ ಅರ್ಧ ಲಾಭವೂ ಸಿಗದು.