ಡಯಲ್ ಮೇಲೆ ಶೆಫೀಲ್ಡ್, ಕೇಸಿನೊಳಗೆ ಚೆಸ್ಟರ್: ಗ್ರೇವ್ಸ್ ಬೆಳ್ಳಿ ಜೇಬುಗಡಿಯಾರ ಕೊಳ್ಳಬಹುದೇ?

ಇಂಗ್ಲೆಂಡಿನಲ್ಲಿ ಹಳೆಯ ಬೆಳ್ಳಿ ಜೇಬುಗಡಿಯಾರಗಳ ಹುಚ್ಚು ಹತ್ತಿಸಿಕೊಂಡವರ ಕಣ್ಣಿಗೆ ಬೇಗ ಬೀಳುವವುಗಳಲ್ಲಿ ಶೆಫೀಲ್ಡ್ ಊರಿನ ವ್ಯಾಪಾರಿ ಗ್ರೇವ್ಸ್ ಮಾರಿದ ಗಡಿಯಾರವೂ ಒಂದು. ಬಿಳಿ ಎನಾಮೆಲ್ ಡಯಲ್, ಕಪ್ಪು ರೋಮನ್ ಅಂಕಿ, ಆರರ ಜಾಗದಲ್ಲಿ ಸೆಕೆಂಡಿಗೊಂದು ಪುಟ್ಟ ವೃತ್ತ. ನಡುವೆ ‘ದಿ ಎಕ್ಸ್‌ಪ್ರೆಸ್ ಇಂಗ್ಲಿಷ್ ಲಿವರ್’, ಅದರ ಜೊತೆಗೆ ‘ಜೆ. ಜಿ. ಗ್ರೇವ್ಸ್, ಶೆಫೀಲ್ಡ್’. ಲಂಡನ್ನಿನ ದೊಡ್ಡ ಹೆಸರುಗಳ ಬೆನ್ನು ಹತ್ತಿದ ಸಂಗ್ರಾಹಕರು ಇದನ್ನು ಕಂಡರೆ ಮೂಗು ಮುರಿಯುತ್ತಾರೆ. ನನಗಂತೂ ಇಷ್ಟ. ಬೆಳ್ಳಿ ಗಡಿಯಾರ ಓದುವುದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಕಾಪಿಪುಸ್ತಕ ಈ ಬೆಲೆಗೆ ಸಿಗುವುದು ಕಷ್ಟ.

ನನ್ನದನ್ನು ಕೊಂಡಿದ್ದು ಬರ್ಮಿಂಗ್‌ಹ್ಯಾಮ್ ಕಡೆಯ ಒಂದು ಹಳೆವಸ್ತು ಸಂತೆಯಲ್ಲಿ, ನೂರು ಪೌಂಡಿಗೆ ತುಸು ಮೇಲೆ. ದಾರದಲ್ಲಿ ತೂಗುಬಿಟ್ಟ ಚೀಟಿಯಲ್ಲಿ ‘ವಿಕ್ಟೋರಿಯನ್ ಕಾಲದ ಫ್ಯೂಸೀ ವಾಚ್, ಶೆಫೀಲ್ಡ್ ಬೆಳ್ಳಿ’ ಎಂದಿತ್ತು. (ಫ್ಯೂಸೀ ಎಂದರೇನೆಂದು ಮುಂದೆ ಹೇಳುತ್ತೇನೆ.) ಹೇಳಿದ್ದು ಮೂರು ಮಾತು, ಮೂರೂ ತಪ್ಪು. ಆದರೂ ಕೊಂಡೆ, ಏಕೆಂದರೆ ಗಡಿಯಾರ ಚೀಟಿಗಿಂತ ಚೆನ್ನಾಗಿತ್ತು.

ಮೊದಲು ಬೆಳ್ಳಿಯ ವಿಷಯ. ಹಿಂಬದಿಯ ಮುಚ್ಚಳ ತೆಗೆದು ಭೂತಗನ್ನಡಿ ಹಿಡಿದರೆ ಠಸ್ಸೆಗಳು ಕಾಣುತ್ತವೆ. ಒಂದು ಕಾಲೆತ್ತಿ ನಡೆಯುವ ಸಿಂಹ ಇದ್ದರೆ ಅದು ಸ್ಟರ್ಲಿಂಗ್, ಅಂದರೆ ಸಾವಿರ ಪಾಲಿನಲ್ಲಿ 925 ಪಾಲು ಬೆಳ್ಳಿ. ಪಕ್ಕದ ಗುರುತು ಬೆಳ್ಳಿಯ ಶುದ್ಧತೆ ಯಾವ ಊರಿನಲ್ಲಿ ಪರೀಕ್ಷೆಯಾಯಿತು ಎಂದು ಹೇಳುತ್ತದೆ. ಲಂಡನ್ನಿಗೆ ಚಿರತೆಯ ಮುಖ, ಬರ್ಮಿಂಗ್‌ಹ್ಯಾಮಿಗೆ ಲಂಗರು, ಶೆಫೀಲ್ಡಿಗೆ ಆ ಕಾಲದಲ್ಲಿ ಕಿರೀಟ. ನನ್ನ ಗಡಿಯಾರದಲ್ಲಿ ಇವು ಯಾವುವೂ ಇಲ್ಲ. ಒಂದು ಕತ್ತಿ, ಅದರ ಸುತ್ತ ಗೋಧಿಯ ಮೂರು ಸಿವುಡು. ಅದು ಚೆಸ್ಟರ್ ಊರಿನ ಗುರುತು. ಶೆಫೀಲ್ಡಿನಲ್ಲಿ 1773ರಿಂದಲೇ ಸ್ವಂತ ಪರೀಕ್ಷಾ ಕಚೇರಿ ಇದ್ದರೂ ಈ ಕೇಸು ಅಲ್ಲಿಯ ಠಸ್ಸೆಯನ್ನೇ ಕಂಡಿಲ್ಲ. ಡಯಲ್ ಮೇಲಿರುವುದು ಮಾರಿದವನ ವಿಳಾಸ, ಅಷ್ಟೆ. ಕೇಸಿನೊಳಗಿನ ಇನಿಷಿಯಲ್ಲುಗಳು ಕೂಡ ಗಡಿಯಾರ ಮಾಡಿದವನವಲ್ಲ, ಕೇಸನ್ನು ಪರೀಕ್ಷೆಗೆ ಕಳಿಸಿದವನವು. ಡಯಲ್, ಕೇಸು, ಮಷೀನು ಮೂರನ್ನೂ ಬೇರೆಬೇರೆಯಾಗಿ ವಿಚಾರಿಸಬೇಕು. ಈ ಗಡಿಯಾರದಷ್ಟು ಸ್ಪಷ್ಟವಾಗಿ ಆ ಪಾಠವನ್ನು ನನಗೆ ಬೇರೊಂದು ಹೇಳಿಕೊಟ್ಟಿಲ್ಲ.

ಇನ್ನು ವರ್ಷದ ಅಕ್ಷರ, ಅಂದರೆ ಪರೀಕ್ಷೆಯಾದ ವರ್ಷ ತಿಳಿಸಲು ಒತ್ತುವ ಅಕ್ಷರ. ನನ್ನದರಲ್ಲಿರುವುದು ‘ಸಿ’. ಅಕ್ಷರವೊಂದನ್ನೇ ನಂಬಿಕೊಂಡು ಹೊರಟವರು ಎಡವುವುದು ಇಲ್ಲೇ. ಚೆಸ್ಟರ್ 1884ರಲ್ಲಿ ‘ಎ’ಯಿಂದ ಒಂದು ಸುತ್ತು ಶುರುಮಾಡಿತು, 1901ರಲ್ಲಿ ಮತ್ತೊಂದು. ಹಾಗಾಗಿ ‘ಸಿ’ 1886 ಆಗಿರಬಹುದು, 1903 ಕೂಡ ಆಗಿರಬಹುದು. ಅಕ್ಷರದ ಬಳುಕು, ಅದರ ಸುತ್ತಲಿನ ಚೌಕಟ್ಟಿನ ಆಕಾರ ಎರಡನ್ನೂ ಚೆಸ್ಟರಿನದೇ ಪಟ್ಟಿಯೊಂದಿಗೆ ಹೋಲಿಸಿದಾಗಷ್ಟೇ ತೀರ್ಮಾನ. ಲಂಡನ್ನಿನ ಪಟ್ಟಿ ಇಲ್ಲಿ ಕೆಲಸಕ್ಕೆ ಬಾರದು, ಅವರದು 20 ಅಕ್ಷರಗಳ ಬೇರೆಯದೇ ಲೆಕ್ಕ. ನನ್ನದು 1903ರದು ಎಂದಾಯಿತು. ವಿಕ್ಟೋರಿಯಾ ರಾಣಿ ತೀರಿಕೊಂಡದ್ದು 1901ರ ಜನವರಿಯಲ್ಲಿ. ಚೀಟಿಯ ಇನ್ನೊಂದು ಮಾತೂ ಬಿತ್ತು.

ಮಾರುವವರ ಬಾಯಲ್ಲಿ ಕೇಳಿಬರುವ ಇನ್ನೊಂದು ಅರೆಬರೆ ಜ್ಞಾನವಿದೆ: ‘ರಾಜನ ತಲೆ ಇಲ್ಲ, ಆದ್ದರಿಂದ 1890ರ ನಂತರದ್ದು.’ ಬೆಳ್ಳಿ ಸಾಮಾನಿನ ಸುಂಕ ಕಟ್ಟಿದ್ದಕ್ಕೆ 1784ರಿಂದ 1890ರವರೆಗೆ ರಾಜನ ಅಥವಾ ರಾಣಿಯ ತಲೆ ಒತ್ತುತ್ತಿದ್ದುದು ನಿಜ. ಚಮಚ, ತಟ್ಟೆಗಳಿಗೆ ಆ ಮಾತು ಸರಿ. ಗಡಿಯಾರದ ಕೇಸುಗಳಿಗೆ ಮಾತ್ರ 1798ರಲ್ಲೇ ಆ ಸುಂಕ ಮಾಫಿಯಾಗಿತ್ತು. 1840ರ ಕೇಸಿನಲ್ಲೂ ತಲೆ ಇರುವುದಿಲ್ಲ, ಅದರಿಂದ ಏನೂ ಸಾಬೀತಾಗುವುದಿಲ್ಲ.

ಉಳಿದದ್ದು ಫ್ಯೂಸೀ. ಹಳೆಯ ಇಂಗ್ಲಿಷ್ ಗಡಿಯಾರಗಳಲ್ಲಿ ಸ್ಪ್ರಿಂಗಿನ ಡಬ್ಬಿಗೂ ಫ್ಯೂಸೀ ಎಂಬ ಶಂಕುವಿನಾಕಾರದ ಒಂದು ರಾಟೆಗೂ ನಡುವೆ ಕೂದಲಿನಷ್ಟು ನವಿರಲ್ಲದಿದ್ದರೂ ನೋಡಿದರೆ ಬೆರಗಾಗುವಷ್ಟು ಸಣ್ಣ ಕೊಂಡಿಗಳ ಸರಪಳಿ ಓಡುತ್ತದೆ. ಸ್ಪ್ರಿಂಗ್ ತುಂಬಿದಾಗ ಎಳೆತ ಜೋರು, ಆಗ ಸರಪಳಿ ರಾಟೆಯ ಸಣ್ಣ ತುದಿಯನ್ನು ಎಳೆಯುತ್ತದೆ. ಸ್ಪ್ರಿಂಗ್ ಸಡಿಲವಾದಂತೆ ದಪ್ಪ ತುದಿಗೆ ಬರುತ್ತದೆ. ಹೀಗೆ ಬಲ ಹೆಚ್ಚುಕಡಿಮೆ ಒಂದೇ ಸಮನಾಗಿರುತ್ತದೆ. ಮುಂದೆ ಸ್ಪ್ರಿಂಗ್ ಡಬ್ಬಿಗೇ ಹಲ್ಲು ಕೊಟ್ಟು ನೇರವಾಗಿ ಗಾಲಿ ಓಡಿಸತೊಡಗಿದರು, ಸರಪಳಿಯ ಖರ್ಚು ತಪ್ಪಿತು. ನನ್ನ ಗ್ರೇವ್ಸ್ ಆ ಎರಡನೆಯ ಜಾತಿಯದು. ತಟ್ಟೆಗಳ ಸಂದಿಗೆ ಟಾರ್ಚ್ ಬಿಟ್ಟರೆ ಸಾಕು, ಸರಪಳಿ ಇಲ್ಲದ್ದು ಗೊತ್ತಾಗುತ್ತದೆ. ಮಾರುವವನಿಗೆ ಅಷ್ಟೂ ಪುರುಸೊತ್ತು ಇರಲಿಲ್ಲವೋ, ಇದ್ದೂ ಬೇಡವಾಗಿತ್ತೋ!

‘ಇಂಗ್ಲಿಷ್ ಲಿವರ್’ ಎಂಬ ಮಾತು ಮಾತ್ರ ಪೂರ್ತಿ ಸಾಚಾ. ಲಿವರ್ ಎಂದರೆ ಎಸ್ಕೇಪ್ ಚಕ್ರವನ್ನು ಒಂದೊಂದೇ ಹಲ್ಲು ತಡೆದು ಬಿಡುವ ಸಣ್ಣ ಸನ್ನೆ. ಇದರಲ್ಲಿ ಆ ಚಕ್ರದ ಹಲ್ಲುಗಳು ಗರಗಸದಂತೆ ಚೂಪು. ಸ್ವಿಸ್ ಲಿವರಿನಲ್ಲಿ ಅವುಗಳ ತುದಿ ಚಪ್ಪಟೆ. ವೇಗ ಹೊಂದಿಸುವ ಕಡ್ಡಿಯ ಬಳಿ ಫಾಸ್ಟ್, ಸ್ಲೋ ಎಂದಿದೆ. ‘ಎ’ ಮತ್ತು ‘ಆರ್’ ಕಂಡರೆ ಅದು ಫ್ರೆಂಚ್ ಭಾಷೆಯ ಸೂಚನೆ, ಮಷೀನು ಸ್ವಿಸ್ ಇರಬಹುದೆಂದು ಅನುಮಾನಪಡಿ. ಕೇಸಿನಲ್ಲಿ 0.935 ಎಂಬ ಅಂಕಿಯೂ ಮೂರು ಕರಡಿಗಳೂ ಇದ್ದರಂತೂ ಅನುಮಾನವೂ ಬೇಡ, ಕೇಸು ಸ್ವಿಟ್ಜರ್ಲೆಂಡಿನದೇ.

ಬಳಕೆಯಲ್ಲಿ ಹೇಗಿದೆ? ಭಾರ. ವೇಸ್ಟ್‌ಕೋಟಿನ ಜೇಬು ಜೋತುಬೀಳುತ್ತದೆ. ಟಿಕ್ ಸದ್ದು ಪಕ್ಕದಲ್ಲಿ ಕೂತವರಿಗೂ ಕೇಳುತ್ತದೆ, ನನಗೆ ಅದೇ ಖುಷಿ. ತೊಳೆದು ಎಣ್ಣೆ ಕೊಡಿಸಿದ ಮೇಲೆ ದಿನಕ್ಕೆ ಎರಡು ಮೂರು ನಿಮಿಷ ಮುಂದೆ ಹೋಗುತ್ತದೆ. ನೂರಿಪ್ಪತ್ತು ವರ್ಷದ ಯಂತ್ರದ ಬಗ್ಗೆ ಅದಕ್ಕಿಂತ ಹೆಚ್ಚು ಕೇಳುವ ಮುಖ ನನಗಿಲ್ಲ. ಹಿಂದೆ ಯಾರೋ ರಿಪೇರಿಯವರು ಅಳತೆಗೆ ಹೊಂದದ ಸೆಕೆಂಡ್ ಮುಳ್ಳು ಸಿಕ್ಕಿಸಿದ್ದಾರೆ, ಹೊರಮೈಯನ್ನು ತಿಕ್ಕಿ ತಿಕ್ಕಿ ಕೆತ್ತನೆ ಅಳಿಸಿದ್ದಾರೆ. ಒಳಗಿನ ಠಸ್ಸೆಗಳು ಅವರ ಕೈಗೆ ಸಿಗದೆ ಉಳಿದಿವೆ. ಡಯಲ್ ಮೇಲೆ ನಾಲ್ಕರ ಹತ್ತಿರ ಒಂದು ಎಳೆ ಬಿರುಕಿದೆ, ದೂರದಿಂದ ಕಾಣದು.

ಗ್ರೇವ್ಸ್ ಬಗ್ಗೆ ಎರಡು ಮಾತು. ಜಾನ್ ಜಾರ್ಜ್ ಗ್ರೇವ್ಸ್ ಅಂಚೆಯ ಮೂಲಕ, ಕಂತಿನಲ್ಲಿ ಗಡಿಯಾರ ಮಾರಿ ದೊಡ್ಡವನಾದ ವ್ಯಾಪಾರಿ. ಒಂದೇ ಸಲಕ್ಕೆ ಹಣ ಹೊಂದಿಸಲಾಗದ ದುಡಿಮೆಗಾರನ ಜೇಬಿಗೂ ಬೆಳ್ಳಿ ಗಡಿಯಾರ ಬಂದದ್ದು ಇಂಥವರಿಂದ. ಗಳಿಸಿದ್ದರಲ್ಲಿ ಬಹಳಷ್ಟನ್ನು ಊರಿಗೇ ಕೊಟ್ಟ. 1934ರಲ್ಲಿ ತೆರೆದ ಶೆಫೀಲ್ಡಿನ ಕಲಾ ಗ್ಯಾಲರಿಗೆ ಇವತ್ತಿಗೂ ಅವನದೇ ಹೆಸರು. ಮೂಗು ಮುರಿಯುವವರು ಒಮ್ಮೆ ಅಲ್ಲಿಗೆ ಹೋಗಿಬರಲಿ.

ಕೊಳ್ಳುವವರಿಗೆ: ಹೆಸರಿಗೆಂದು ಹೆಚ್ಚು ಹಣ ಕೊಡಬೇಡಿ, ಇವು ಬೇಕಾದಷ್ಟಿವೆ. ನಡೆಯದ ಗಡಿಯಾರವನ್ನು ಅಗ್ಗವೆಂದು ಕೊಂಡರೆ ಸರ್ವಿಸ್ ಖರ್ಚು ಗಡಿಯಾರದ ಬೆಲೆಯನ್ನೇ ದಾಟಬಹುದು. ಬೆಳ್ಳಿಯ ದರ ಏರಿದಾಗ ಕೇಸು ಕರಗಿಸಿ ಮಷೀನನ್ನಷ್ಟೇ ಮಾರುವವರಿದ್ದಾರೆ. ಅಂಥ ಅನಾಥ ಮಷೀನನ್ನು ಬೇರೆ ಕೇಸಿಗೆ ಕೂರಿಸಿರುವುದೂ ಉಂಟು, ಆದ್ದರಿಂದ ಸ್ಪ್ರಿಂಗ್ ಸುತ್ತಲು ಕೀಲಿ ತೂರಿಸುವ ತೂತು ಒಳಗಿನ ಚೌಕ ಕಡ್ಡಿಗೆ ನೇರವಾಗಿದೆಯೇ ನೋಡಿ. ಕೀಲಿ ಸಾಮಾನ್ಯವಾಗಿ ಜೊತೆಗೆ ಬರುವುದಿಲ್ಲ. ಹಲವು ಅಳತೆಯ ತುದಿಗಳಿರುವ ನಕ್ಷತ್ರಾಕಾರದ ಕೀಲಿಯೊಂದನ್ನು ಸಂತೆಗೆ ಹೋಗುವಾಗಲೇ ಜೇಬಿನಲ್ಲಿಟ್ಟುಕೊಳ್ಳಿ, ಕೊಳ್ಳುವ ಮುಂಚೆ ಮಾರುವವನ ಎದುರಿಗೇ ತಿರುಗಿಸಿ ನೋಡಿ. ಒಂದು ದಿಕ್ಕಿಗೆ ತಿರುಗದಿದ್ದರೆ ಬಲ ಹಾಕಬೇಡಿ, ಇನ್ನೊಂದು ದಿಕ್ಕಿಗೆ ತಿರುಗೀತು.