ಚಿರೇಕಲ್ಲಿನ ಗೋಡೆಗೆ ಯಾವ ಡ್ರಿಲ್?

ಕಾರವಾರ, ಅಂಕೋಲಾ, ಕುಮಟಾ ಕಡೆ ಮನೆ ಇದ್ದು, ಶೆಲ್ಫ್, ಪರದೆ ರಾಡ್, ಕನ್ನಡಿ ಇಂಥ ಸಣ್ಣಪುಟ್ಟ ಕೆಲಸ ನಾವೇ ಮಾಡಿಕೊಳ್ಳೋಣ ಅಂತ ಹೊರಟವರು ಮೊದಲು ಕೊಳ್ಳಬೇಕಾದ್ದು ವಯರ್ ಇರುವ ಸಾದಾ ಇಂಪ್ಯಾಕ್ಟ್ ಡ್ರಿಲ್. 500 ವಾಟ್ ಸಾಕು. ನಾನು ಕೊಂಡಿದ್ದು ಅದನ್ನೇ. ಮೂರು ಸಾವಿರದೊಳಗೆ ಬಂತು. ಇನ್ನೊಮ್ಮೆ ಕೊಳ್ಳುವುದಾದರೂ ಅದನ್ನೇ ಕೊಳ್ಳುತ್ತೇನೆ. ಬ್ಯಾಟರಿಯ ಕಾರ್ಡ್‌ಲೆಸ್ ಡ್ರಿಲ್ಲನ್ನೂ ದೊಡ್ಡ ರೋಟರಿ ಹ್ಯಾಮರನ್ನೂ ಇದೇ ಗೋಡೆಗಳ ಮೇಲೆ ಓಡಿಸಿ ನೋಡಿದ ಮೇಲೆ ಹೇಳುತ್ತಿರುವ ಮಾತು ಇದು. ಕಾರ್ಡ್‌ಲೆಸ್ ಶಿರಸಿಯ ಭಾವನದು. ರೋಟರಿ ಹ್ಯಾಮರ್ ಬಾಡಿಗೆಗೆ ತಂದಿದ್ದು.

ನಮ್ಮ ಮನೆ ಕಾರವಾರದ ಕೋಡಿಬಾಗದಲ್ಲಿ. ಗೋಡೆ ಚಿರೇಕಲ್ಲಿನದು, ಅಂದರೆ ಕೆಂಪು ಮುರಕಲ್ಲಿನದು (ಲ್ಯಾಟರೈಟ್), ಮೇಲೆ ಸಿಮೆಂಟ್ ಗಿಲಾವು (ಪ್ಲಾಸ್ಟರ್). ಲಿಂಟಲ್ (ಬಾಗಿಲು, ಕಿಟಕಿ ಮೇಲಿನ ಅಡ್ಡ ತೊಲೆ), ಸ್ಲ್ಯಾಬ್ ಮಾತ್ರ ಕಾಂಕ್ರೀಟ್. ಕರಾವಳಿಯಲ್ಲಿ ಬಹಳ ಮನೆಗಳು ಹೀಗೇ ಇರುತ್ತವೆ. ಆದರೆ ಡ್ರಿಲ್ ಬಗ್ಗೆ ಸಿಗುವ ಸಲಹೆಗಳೆಲ್ಲ ಇಟ್ಟಿಗೆ ಗೋಡೆ ಅಥವಾ ಕಾಂಕ್ರೀಟ್ ಗೋಡೆಯ ಲೆಕ್ಕದಲ್ಲೇ ಇರುತ್ತವೆ. ಪವರ್ ಜಾಸ್ತಿ ಇದ್ದಷ್ಟೂ ಒಳ್ಳೆಯದು ಅನ್ನುತ್ತಾರೆ. ಚಿರೇಕಲ್ಲಿಗೆ ಆ ಮಾತು ನಡೆಯುವುದಿಲ್ಲ.

ಯಾಕೆ ಅಂದರೆ ಈ ಕಲ್ಲು ಎಲ್ಲ ಕಡೆ ಒಂದೇ ಥರ ಇರುವುದಿಲ್ಲ. ಕ್ವಾರಿಯಲ್ಲಿ ಇದ್ದಾಗ ಮೆತ್ತಗೆ, ಗಾಳಿಗೆ ಬಿಟ್ಟ ಮೇಲೆ ಗಟ್ಟಿ. ಗಟ್ಟಿಯಾದ ಮೇಲೂ ಒಳಗೆ ಕಬ್ಬಿಣದ ಅಂಶ ಜಾಸ್ತಿ ಇರುವ ಗಟ್ಟಿ ಗಂಟು ಒಂದು ಕಡೆ, ಪಕ್ಕದಲ್ಲೇ ಹಳದಿ ಜೇಡಿ ತುಂಬಿದ ಮೆತ್ತನೆ ಜಾಗ, ಅದರ ಪಕ್ಕ ಖಾಲಿ ಪೊಟರೆ. ಡ್ರಿಲ್ ಇಟ್ಟಾಗ ಮೊದಲು ಬೂದು ಪುಡಿ ಬರುತ್ತದೆ. ಅದು ಗಿಲಾವು. ಆಮೇಲೆ ಪುಡಿ ಕೆಂಪಾಗುತ್ತದೆ. ಕಲ್ಲು ಶುರುವಾಯಿತು ಅಂತ ಅರ್ಥ. ಅಲ್ಲಿಂದ ಮುಂದೆ ಬಿಟ್ (ಡ್ರಿಲ್ಲಿಗೆ ಸಿಕ್ಕಿಸುವ ಕೊರೆಯುವ ಕಡ್ಡಿ) ಒಮ್ಮೆ ಗಂಟಿಗೆ ತಾಗಿ ಓರೆಯಾಗುತ್ತದೆ, ಮತ್ತೊಮ್ಮೆ ಪೊಟರೆ ಸಿಕ್ಕಿ ಸರ್ರನೆ ಒಳಗೆ ಹೋಗುತ್ತದೆ. ಹ್ಯಾಮರ್, ಅಂದರೆ ತಿರುಗುತ್ತಲೇ ಏಟು ಕೊಡುವ ಮೋಡ್, ಆನ್ ಇದ್ದರೆ ಏಟಿಗೆ ತೂತಿನ ಅಂಚು ಉದುರಿ 8 ಎಂಎಂ ತೂತು 10 ಎಂಎಂ ಆಗುತ್ತದೆ. ಅದರಲ್ಲಿ ಪ್ಲಗ್ (ಸ್ಕ್ರೂ ಹಿಡಿದುಕೊಳ್ಳುವ ಪ್ಲಾಸ್ಟಿಕ್ ಕೊಳವೆ) ಕೂರಿಸಿ ಸ್ಕ್ರೂ ತಿರುಗಿಸಿದರೆ ಪ್ಲಗ್ಗೂ ಜೊತೆಗೇ ತಿರುಗುತ್ತದೆ. ಎಷ್ಟು ತಿರುಗಿಸಿದರೂ ಬಿಗಿಯಾಗುವುದಿಲ್ಲ. ಡಬ್ಬಿಗಳನ್ನು ಹೊರಬೇಕಾದ ಅಡುಗೆಮನೆಯ ಶೆಲ್ಫನ್ನು ಇಂಥ ತೂತಿನ ಮೇಲೆ ನಂಬಿ ನಿಲ್ಲಿಸೋಕೆ ಆಗುತ್ತಾ?

ಇದಕ್ಕೆ ನನ್ನ ಕೈಯಲ್ಲಿ ಪಳಗಿದ ದಾರಿ ಹೀಗಿದೆ. ಹ್ಯಾಮರ್ ಸ್ವಿಚ್ ಆಫ್. ಕಾರ್ಬೈಡ್ ತುದಿಯ ಕಲ್ಲಿನ ಬಿಟ್ಟನ್ನೇ ಹಾಕಿ, ಬರೀ ತಿರುಗುವ ಮೋಡ್‌ನಲ್ಲಿ, ಟ್ರಿಗರ್ ಅರ್ಧ ಒತ್ತಿ ನಿಧಾನಕ್ಕೆ ಕೊರೆಯಬೇಕು. ಪ್ಲಗ್ 8 ಎಂಎಂ ಆದರೆ ಬಿಟ್ 7 ಎಂಎಂ. ಗಟ್ಟಿ ಗಂಟು ಸಿಕ್ಕಿ ಬಿಟ್ ಮುಂದೆ ಹೋಗದಿದ್ದರೆ ಮಾತ್ರ ಒಂದೆರಡು ಸೆಕೆಂಡ್ ಹ್ಯಾಮರ್ ಕೊಟ್ಟು ಮತ್ತೆ ಆಫ್ ಮಾಡಬೇಕು. ನಡುನಡುವೆ ಬಿಟ್ ಹೊರಗೆ ಎಳೆದು ಪುಡಿ ತೆಗೆಯಬೇಕು. ಕೊನೆಗೆ ಸೈಕಲ್ ಪಂಪ್‌ನಿಂದ ತೂತಿಗೆ ಗಾಳಿ ಹೊಡೆದು, ಪ್ಲಗ್ಗನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಕೂರಿಸಬೇಕು.

ಪ್ಲಗ್ಗಿನ ಉದ್ದವೂ ಅಷ್ಟೇ ಮುಖ್ಯ. ಅಂಗಡಿಯಲ್ಲಿ ಕೇಳದೇ ಕೊಡುವುದು 30 ಎಂಎಂ ಪ್ಲಗ್. ನಮ್ಮ ಗೋಡೆಯಲ್ಲಿ ಗಿಲಾವೇ 15ರಿಂದ 20 ಎಂಎಂ ಇದೆ. ಅಂದರೆ ಪ್ಲಗ್ಗಿನ ಅರ್ಧ ಅಥವಾ ಅದಕ್ಕಿಂತ ಹೆಚ್ಚು ಭಾಗ ಗಿಲಾವಿನಲ್ಲೇ ಉಳಿಯಿತು, ಕಲ್ಲನ್ನು ಸರಿಯಾಗಿ ಹಿಡಿಯಲೇ ಇಲ್ಲ. ಶೆಲ್ಫಿಗೆ 60 ಎಂಎಂ ನೈಲಾನ್ ಪ್ಲಗ್ಗನ್ನೇ ಕೇಳಿ ತನ್ನಿ. ಸಿಗದಿದ್ದರೆ ಒಂದು ವಾರ ಕಾದರೂ ಪರವಾಗಿಲ್ಲ. ಇಷ್ಟೆಲ್ಲ ಮಾಡಿಯೂ ಪೊಟರೆ ಸಿಕ್ಕಿ ತೂತು ದೊಡ್ಡದಾದರೆ, ತೂತನ್ನು ಒದ್ದೆ ಮಾಡಿ, ಸಿಮೆಂಟ್ ತುಂಬಿ, ಅದರಲ್ಲಿ ಪ್ಲಗ್ ಒತ್ತಿ ಒಣಗಲು ಬಿಡಬೇಕು. ಸ್ಕ್ರೂ ಬಿಗಿಯುವುದು ಸಿಮೆಂಟ್ ಪೂರ್ತಿ ಗಟ್ಟಿಯಾದ ಮೇಲೆ. ಹಳೇ ಬಡಗಿಗಳು ಮರದ ಗೂಟ ಬಡಿದು ಅದಕ್ಕೆ ಮೊಳೆ ಹೊಡೆಯುತ್ತಿದ್ದರು. ಅದೂ ಒಳ್ಳೆ ಉಪಾಯವೇ.

ಇಂಪ್ಯಾಕ್ಟ್ ಡ್ರಿಲ್ ನನಗೆ ಇಷ್ಟವಾಗಿದ್ದು ಇದಕ್ಕೇ. ಏಟು ಬೇಡ ಅಂದರೆ ಒಂದು ಸ್ವಿಚ್ಚಲ್ಲಿ ನಿಲ್ಲುತ್ತದೆ, ವೇಗ ಬೆರಳಿನ ಹಿಡಿತದಲ್ಲಿರುತ್ತದೆ, ತೂಕ ಒಂದೂವರೆ ಕೆಜಿ ಆಸುಪಾಸು. ಕೊಳ್ಳುವಾಗ ಟ್ರಿಗರ್ ಒತ್ತಿ ನೋಡಿ. ಮೆಲ್ಲಗೆ ಒತ್ತಿದರೆ ಮೆಲ್ಲಗೆ ತಿರುಗಬೇಕು. ಆನ್ ಅಥವಾ ಆಫ್ ಎರಡೇ ಇರುವ ಅಗ್ಗದ ಮಾಡೆಲ್ ಬೇಡವೇ ಬೇಡ.

ರೋಟರಿ ಹ್ಯಾಮರ್ ಬೇರೆ ಜಾತಿಯದು. ಇಂಪ್ಯಾಕ್ಟ್ ಡ್ರಿಲ್‌ನಲ್ಲಿ ಹಲ್ಲಿರುವ ಎರಡು ಚಕ್ರ ಒಂದಕ್ಕೊಂದು ಉಜ್ಜಿ ಏಟು ಹುಟ್ಟುತ್ತದೆ. ನಿಮಿಷಕ್ಕೆ ಸುಮಾರು 40,000 ಏಟು, ಆದರೆ ಪ್ರತಿಯೊಂದೂ ಸಣ್ಣದು. ರೋಟರಿಯಲ್ಲಿ ಪಿಸ್ಟನ್ ಗಾಳಿಯನ್ನು ಅದುಮಿ ಹೊಡೆಸುತ್ತದೆ. ಏಟು 4,000-5,000 ಅಷ್ಟೇ, ಆದರೆ ಒಂದೊಂದೂ ಜೋರು. ಪರದೆ ರಾಡ್‌ಗೆ ಲಿಂಟಲ್‌ನಲ್ಲಿ ತೂತು ಬೇಕಿತ್ತು. ನನ್ನ ಡ್ರಿಲ್ ಮೇಲೆ ಮೈಭಾರ ಪೂರ್ತಿ ಹಾಕಿ ಒತ್ತಿದರೂ ಜಲ್ಲಿ ಕಲ್ಲು ಸಿಕ್ಕಲ್ಲಿ ಬಿಟ್ ಬಿಸಿಯಾಗುತ್ತಿತ್ತೇ ಹೊರತು ಮುಂದೆ ಹೋಗುತ್ತಿರಲಿಲ್ಲ. ಬಾಡಿಗೆಯ ರೋಟರಿ ಅದೇ ಜಾಗದಲ್ಲಿ ಸಲೀಸಾಗಿ ಒಳಗೆ ಹೋಯಿತು, ಒತ್ತುವ ಅಗತ್ಯವೇ ಬೀಳಲಿಲ್ಲ. ಅದನ್ನೇ ಪಕ್ಕದ ಚಿರೇಕಲ್ಲಿಗೆ ಹ್ಯಾಮರ್ ಸಮೇತ ಇಟ್ಟಾಗ ಗಿಲಾವಿನ ಚಕ್ಕೆಯೇ ಎದ್ದು ಬಂತು. ಬೆಲೆ ನನ್ನದರ ಎರಡರಷ್ಟಕ್ಕೂ ಜಾಸ್ತಿ, ತೂಕ ಎರಡೂವರೆ ಕೆಜಿ ಮೇಲೆ, ಬಿಟ್‌ಗಳೂ ಬೇರೆಯೇ ಬೇಕು. ಮನೆಯಲ್ಲಿ ಕಾಂಕ್ರೀಟಿಗೆ ಬೀಳುವ ತೂತು ಎಷ್ಟಿರುತ್ತವೆ? ಎಲ್ಲಕ್ಕೂ ಗುರುತು ಹಾಕಿಟ್ಟುಕೊಂಡು ಒಂದು ದಿನ ಬಾಡಿಗೆಗೆ ತಂದರೆ ಮುಗಿಯಿತು.

ಕಾರ್ಡ್‌ಲೆಸ್ ಬಗ್ಗೆ ನನಗೆ ಗೌರವ ಇದೆ. ಭಾವನ 12 ವೋಲ್ಟಿನದಕ್ಕೆ ಹ್ಯಾಮರ್ ಇಲ್ಲ. ಶಿರಸಿಯ ಅವರ ಹಳೇ ಮನೆಯಲ್ಲಿ ಮರವೇ ಜಾಸ್ತಿ. ಹಲಸಿನ ಬಾಗಿಲಿಗೆ ಚಿಲಕ ಕೂರಿಸುವುದು, ಕಪಾಟಿನ ತಿರುಗಣಿ ಬದಲಿಸುವುದು, ಇವೆಲ್ಲ ಅದರಲ್ಲಿ ಎಷ್ಟು ಚೆಂದ ಆಗುತ್ತವೆ ಅಂದರೆ ವಯರ್ ಎಳೆದುಕೊಂಡು ಓಡಾಡುವುದೇ ಬೇಡ ಅನ್ನಿಸುತ್ತದೆ. ಮಳೆಗಾಲದಲ್ಲಿ ಕರೆಂಟ್ ಹೋದರೂ ಕೆಲಸ ನಿಲ್ಲುವುದಿಲ್ಲ. ನಮ್ಮ ಗೋಡೆಯಲ್ಲಿ ಅದು ಗಿಲಾವು ದಾಟಿತು, ಮೆತ್ತನೆ ಕಲ್ಲನ್ನೂ ಕೊರೆಯಿತು, ಗಂಟು ಸಿಕ್ಕಲ್ಲಿ ನಿಂತುಬಿಟ್ಟಿತು. ನಿಮ್ಮದು ಘಟ್ಟದ ಮೇಲಿನ ಮರದ ಮನೆಯಾದರೆ ನನ್ನ ಮಾತು ಬಿಟ್ಟು ಇದನ್ನೇ ತೆಗೆದುಕೊಳ್ಳಿ. ನಾನು ಭಾನುವಾರ ಮಾತ್ರ, ಅದೂ ತಿಂಗಳುಗಟ್ಟಲೆ ಬಿಟ್ಟು ಕೆಲಸ ಮಾಡುವವನು. ಪೂರ್ತಿ ಖಾಲಿಯಾದ ಲಿಥಿಯಂ ಬ್ಯಾಟರಿಯನ್ನು ಹಾಗೇ ಇಟ್ಟರೆ ಹಾಳಾಗುತ್ತದೆ. ವಯರ್ ಡ್ರಿಲ್‌ಗೆ ಆ ಚಿಂತೆ ಇಲ್ಲ.

ಯಾವ ಡ್ರಿಲ್ ತಂದರೂ ಸ್ವಿಚ್ ಬೋರ್ಡಿನ ನೇರ ಮೇಲೆ, ನೇರ ಕೆಳಗೆ ಕೊರೆಯಬೇಡಿ. ಒಳಗೆ ವಯರ್ ಇರುತ್ತದೆ. ಕಣ್ಣಿಗೆ ಕನ್ನಡಕ ಇರಲಿ, ಕೆಂಪು ಪುಡಿ ಬಹಳ ಉರಿ.

ಗೋಡೆ ಕೆಲಸಕ್ಕೆ ದೀಪಾವಳಿ ಕಳೆಯಲಿ. ಮಳೆಗಾಲದಲ್ಲಿ ಕಲ್ಲು ತೇವ ಹೀರಿರುತ್ತದೆ, ಪುಡಿ ಉದುರದೆ ಕೆಸರಾಗಿ ಬಿಟ್ಟಿಗೆ ಮೆತ್ತಿಕೊಳ್ಳುತ್ತದೆ.

ಡ್ರಿಲ್‌ನಲ್ಲಿ ಉಳಿದ ದುಡ್ಡನ್ನು ನಾನು ಸ್ಕ್ರೂಗೆ ಹಾಕಿದೆ. ಕಪ್ಪು ಬಣ್ಣದ ಸ್ಕ್ರೂ ಅಗ್ಗ, ಆದರೆ ಅದು ಜಿಪ್ಸಂ ಬೋರ್ಡಿಗೆ ಮಾಡಿದ್ದು. ನಮ್ಮ ಉಪ್ಪು ಗಾಳಿಗೆ ಬೇಗ ತುಕ್ಕು ಹಿಡಿದು ಗೋಡೆಯ ಮೇಲೆ ಕಂದು ಗೆರೆ ಇಳಿಸುತ್ತದೆ. ಮನೆಯೊಳಗೆ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಸಾಕು. ಸಮುದ್ರದ ಕಡೆಯ ಜಗುಲಿಗೆ, ಗೇಟಿಗೆ 316 ಕೇಳಿ. ಅದರಲ್ಲಿ ಮಾಲಿಬ್ಡಿನಮ್ ಎಂಬ ಲೋಹ ಇರುವುದರಿಂದ ಉಪ್ಪನ್ನು ತಡೆಯುತ್ತದೆ. ಬೆಲೆ ಜಾಸ್ತಿ. ಅಂಗಡಿಯಲ್ಲಿ ಇಲ್ಲದಿದ್ದರೆ ಹೇಳಿ ತರಿಸಿಕೊಳ್ಳಿ, 304ರಲ್ಲೇ ಸುಧಾರಿಸಿಕೊಳ್ಳಲು ಹೋಗಬೇಡಿ.